ಸೇತುವೆಗೆ ಮೂರು ಉದ್ಘಾಟನೆ

ನಮ್ಮ ಕಡೆ ಒಂದು ಸೇತುವೆಗೆ ಮೂರು ಸಲ ಉದ್ಘಾಟನೆ ಆಗುತ್ತದೆ. ಮೊದಲನೆಯದನ್ನು ನಾಯಿ ಮಾಡುತ್ತದೆ. ಕಾಂಕ್ರೀಟು ಹಸಿಯಾಗಿರುವಾಗಲೇ ಈ ದಡದಿಂದ ಆ ದಡಕ್ಕೆ ಗಂಭೀರವಾಗಿ ನಡೆದು, ಹೆಜ್ಜೆಗಳನ್ನು ಶಾಶ್ವತವಾಗಿ ಒತ್ತಿ ಹೋಗುತ್ತದೆ. ಎರಡನೆಯದು ಬೈಕು, ಸ್ಕೂಟರಿನವರದ್ದು. ಮೂರನೆಯದು ಮಂತ್ರಿಗಳದ್ದು, ಅದಕ್ಕೆ ಶಾಮಿಯಾನ, ಮೈಕು, ಕುಂಬಳಕಾಯಿ ಎಲ್ಲ ಉಂಟು. ಕಲ್ಲಿನ ಫಲಕದಲ್ಲಿ ಮೂರನೆಯವರ ಹೆಸರು ಉಳಿಯುತ್ತದೆ, ಕಾಂಕ್ರೀಟಿನಲ್ಲಿ ಮೊದಲನೆಯವರ ಗುರುತು ಉಳಿಯುತ್ತದೆ. ನಡುವಿನವರನ್ನು ಕೇಳುವವರಿಲ್ಲ. ಆದ್ದರಿಂದ ಅವರ ಬಗ್ಗೆ ನಾಲ್ಕು ಮಾತು.

ನಮ್ಮ ಊರು ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ತಾಲೂಕುಗಳು ಒಂದಕ್ಕೊಂದು ಬೆನ್ನು ತಾಗಿಸಿ ಕೂತಿರುವ ಮೂಲೆಯಲ್ಲಿದೆ. ಸಿದ್ಧಕಟ್ಟೆಯವರು ನಮ್ಮನ್ನು ವೇಣೂರಿನ ಕಡೆಯವರು ಎನ್ನುತ್ತಾರೆ. ವೇಣೂರಿನವರು, ಅವರು ಶಿರ್ತಾಡಿ ಕಡೆಯವರು ಎಂದು ಕೈ ತೊಳೆದುಕೊಳ್ಳುತ್ತಾರೆ. ಶಿರ್ತಾಡಿಯಲ್ಲಿ ಕೇಳಿದರೆ, "ಅದು ಸಿದ್ಧಕಟ್ಟೆ ಅಲ್ಲವಾ ಮಾರಾಯ್ರೆ?" ರೇಷನ್ ಕಾರ್ಡು ಒಂದು ತಾಲೂಕಿನದು, ಅಡಿಕೆ ಮಾರುವುದು ಇನ್ನೊಂದರಲ್ಲಿ, ಮಕ್ಕಳ ಕಾಲೇಜು ಮೂರನೆಯದರಲ್ಲಿ. ಈ ಮೂರೂ ವ್ಯವಹಾರಗಳ ನಡುವೆ ಫಲ್ಗುಣಿಗೆ ಸೇರುವ ತೋಡೊಂದು ಹರಿಯುತ್ತದೆ. ಬೇಸಗೆಯಲ್ಲಿ ಪಂಚೆಯನ್ನು ಮೊಣಕಾಲಿಗೆ ಎತ್ತಿದರೆ ಸಾಕು, ದಾಟಬಹುದು. ಮಳೆಗಾಲದ ಆಟಿ ತಿಂಗಳಲ್ಲಿ ಅದೇ ತೋಡು ಯಾರ ಪಂಚೆಯ ಮರ್ಯಾದೆಯನ್ನೂ ಕಾಯುವುದಿಲ್ಲ. ವರ್ಷಕ್ಕೆ ಸರಿಸುಮಾರು 4,000 ಮಿಲಿಮೀಟರ್ ಮಳೆ ಬೀಳುವ ಜಿಲ್ಲೆ ನಮ್ಮದು. ಅದರಲ್ಲಿ ಹೆಚ್ಚಿನ ಪಾಲು ಮಕ್ಕಳು ಶಾಲೆಗೆ ಹೋಗುವ ಹೊತ್ತಿಗೇ ಸುರಿಯುತ್ತದೆ ಎಂದು ನನ್ನ ಗುಮಾನಿ.

ಮೊದಲು ಇಲ್ಲಿ ಕಾಲುಸಂಕ ಇತ್ತು. ನಾಲ್ಕು ಅಡಿಕೆ ಮರ ಅಡ್ಡ ಹಾಕಿ, ಹಿಡಿದುಕೊಳ್ಳಲಿಕ್ಕೆ ಒಂದು ಬಿದಿರು ಕಟ್ಟಿದರೆ ಅದೇ ಸೇತುವೆ. ಅದಕ್ಕೆ ಗುದ್ದಲಿಪೂಜೆಯೂ ಇಲ್ಲ, ಲೋಕಾರ್ಪಣೆಯೂ ಇಲ್ಲ. ಜೂನ್ ತಿಂಗಳಲ್ಲಿ ಪಾಚಿಗಟ್ಟಿದ ಆ ಮರಗಳ ಮೇಲೆ ನಮ್ಮ ದೊಡ್ಡಮ್ಮ ತಲೆಯಲ್ಲಿ ಹುಲ್ಲಿನ ಹೊರೆ, ಕಂಕುಳಲ್ಲಿ ಕೊಡೆ ಇಟ್ಟುಕೊಂಡು, ಆಚೆ ದಡದವರ ಹತ್ತಿರ ಮಾತಾಡುತ್ತಲೇ ದಾಟುತ್ತಿದ್ದರು. ಬಿದಿರನ್ನು ಅವರು ಮುಟ್ಟಿದ್ದನ್ನು ಕಂಡವರಿಲ್ಲ. ಅದು ಪೇಟೆಯಿಂದ ಬರುವ ನೆಂಟರಿಗೆ ಕಟ್ಟಿದ್ದು ಎನ್ನುವುದು ಅವರ ಅಭಿಪ್ರಾಯ.

ಕೊನೆಗೂ ಕಾಂಕ್ರೀಟು ಸೇತುವೆ ಬಂತು. ಮಕರ ಸಂಕ್ರಾಂತಿ ಕಳೆದ ಮೇಲೆ ಸ್ಲ್ಯಾಬ್ ಬಿತ್ತು, ಗೋಣಿ ಹಾಸಿ ನೀರು ಹೊಯ್ದರು, ಸೆಂಟ್ರಿಂಗ್ ಬಿಚ್ಚಿದರು, ಕೆಲಸದವರು ಲಾರಿ ಹತ್ತಿ ಹೋದರು. ಸೇತುವೆ ತೋಡಿನ ನಡುವೆ ಒಂದಾಳೆತ್ತರದಲ್ಲಿ ನಿಂತಿತು. ಅದರ ಎರಡೂ ತುದಿಗೆ ಮಣ್ಣು ತುಂಬಿ, ರೋಲರ್ ಓಡಿಸಿ, ರಸ್ತೆಗೆ ಸೇರಿಸಬೇಕಲ್ಲ, ಆ ಕೆಲಸ ಬೇರೆ ಕಡತದಲ್ಲಿತ್ತು. ಒಂದು ತುದಿ ಒಂದು ತಾಲೂಕಿಗೆ, ಇನ್ನೊಂದು ತುದಿ ಇನ್ನೊಂದಕ್ಕೆ. ಯಾವ ತುದಿ ಯಾವುದಕ್ಕೆ ಎಂದು ಹೇಳಿದರೆ ನಾಳೆ ಸಿದ್ಧಕಟ್ಟೆ ಸಂತೆಯಲ್ಲಿ ನನಗೆ ತರಕಾರಿ ಸಿಗಲಿಕ್ಕಿಲ್ಲ, ಬಿಟ್ಟುಬಿಡುವಾ.

ಹತ್ತಲು ಬಾರದ ಸೇತುವೆಯನ್ನು ನಮ್ಮವರು ಸುಮ್ಮನೆ ಬಿಡಲಿಲ್ಲ. ಇಷ್ಟು ಸಪಾಟಾದ, ನೆರಳಿಲ್ಲದ, ಬಿಸಿಲು ಕಾಯುವ ಜಾಗ ಊರಲ್ಲಿ ಬೇರೆ ಯಾರ ಅಂಗಳದಲ್ಲೂ ಇರಲಿಲ್ಲ. ಏಣಿ ಇಟ್ಟು ಅಡಿಕೆ ಸಾಗಿಸಿ ಚಾಲಿಗೆ ಹಾಕಿದರು. ಸಂಜೆ ಹುಡುಗರು ವಾಲಿಬಾಲಿಗೆ ನೆಟ್ಟು ಕಟ್ಟಿದರು. ತೋಡಿಗೆ ಬಿದ್ದ ಚೆಂಡು ಔಟೋ ಅಲ್ಲವೋ ಎಂಬ ತಕರಾರು ಮಾತ್ರ ಇವತ್ತಿಗೂ ತೀರ್ಮಾನವಾಗಿಲ್ಲ.

ಮೊದಲು ಬೈಕ್ ಹತ್ತಿಸಿದವರು ಹಾಲಿನವರು. ಸೊಸೈಟಿಯಲ್ಲಿ ಹಾಲು ಅಳೆಯುವ ಹೊತ್ತು ಯಾರಿಗೂ ಕಾಯುವುದಿಲ್ಲ. ಸುತ್ತು ಬಳಸಿ ಹೋದರೆ ಹಾಲು ಒಡೆಯುವುದಕ್ಕಿಂತ ಮೊದಲು ತಲೆ ಒಡೆಯುತ್ತದೆ. ಒಂದು ಬೆಳಿಗ್ಗೆ ನೋಡುವಾಗ ಸೇತುವೆಯ ಎರಡೂ ತುದಿಗೆ ಅಡಿಕೆ ಮರದ ಸೀಳುಗಳನ್ನು ಓರೆಯಾಗಿ ಇಟ್ಟು, ಅಡಿಗೆ ಮುರಕಲ್ಲು ಕೊಟ್ಟು, ಬೈಕ್ ಹತ್ತುವ ಹಾಗೆ ಮಾಡಿದ್ದರು. ಯಾರು ಮಾಡಿದ್ದು ಎಂದು ಕೇಳಿದರೆ ಎಲ್ಲರೂ ಆಕಾಶ ನೋಡಿದರು. ಆದರೆ ಎಲ್ಲರಿಗೂ ಅದನ್ನು ಹತ್ತುವ ಕ್ರಮ ಗೊತ್ತಿತ್ತು. ಫಸ್ಟ್ ಗೇರ್. ನಡುವೆ ಕ್ಲಚ್ ಹಿಡಿಯಬಾರದು. ಹಿಂದೆ ಕೂತವರು ಇಳಿದು ನಡೆಯಬೇಕು. ಇಳಿದವರು ಹಿಂದಿನಿಂದ ದೂಡಬೇಕು, ದೂಡುವಾಗ ಬುದ್ಧಿವಾದ ಹೇಳಬಾರದು.

ವಾರ ಕಳೆಯುವುದರೊಳಗೆ ಅದು ರಾಜಮಾರ್ಗವಾಯಿತು. ಮೀನಿನವರು ಪೊಂ ಪೊಂ ಎಂದು ಹಾರ್ನು ಹೊಡೆಯುತ್ತ ಬಂಗುಡೆ ಬುಟ್ಟಿಯ ಸಮೇತ ಹತ್ತಿದರು. ಬ್ರಾಂಚಿಗೆ ಬೀಡಿ ಕೊಡಲು ಹೋಗುವ ಅಕ್ಕಂದಿರು ಮಗನ ಸ್ಕೂಟರಿನಲ್ಲಿ ಬಂದು, ಸೀಳು ಬಂದಾಗ ಇಳಿದು, ಬೀಡಿ ಬುಟ್ಟಿಯನ್ನು ಎದೆಗೆ ಒತ್ತಿಕೊಂಡು ನಡೆದು, ಆಚೆ ಪುನಃ ಕೂತರು. ಪುರೋಹಿತರು ಕಚ್ಚೆ ಬಿಗಿದು, ದರ್ಭೆಯ ಚೀಲವನ್ನು ಹ್ಯಾಂಡಲಿಗೆ ಸಿಕ್ಕಿಸಿ, ಯಾವುದೋ ಮಂತ್ರ ಹೇಳಿಕೊಂಡು ದಾಟಿದರು. ಅದು ಗೃಹಪ್ರವೇಶದ್ದೇ ಅಪರಕ್ರಿಯೆಯದ್ದೇ ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ಸೇತುವೆ ನೋಡಿಕೊಳ್ಳಲು ಬರುತ್ತಿದ್ದ ಹುಡುಗ ಎಂಜಿನಿಯರು ಇದನ್ನು ಕಂಡು ಅಳುವುದೊಂದು ಬಾಕಿ. "ಸಾರ್, ಇನ್ನೂ ವೇರಿಂಗ್ ಕೋಟ್ ಹಾಕಿಲ್ಲ ಸಾರ್" ಎಂದ. ಸ್ಲ್ಯಾಬಿನ ಮೇಲೆ ಮೂರಿಂಚು ದಪ್ಪಕ್ಕೆ ಇನ್ನೊಂದು ಪದರ ಬರಲಿಕ್ಕುಂಟಂತೆ. ಚಕ್ರ ಸವೆಸಬೇಕಾದದ್ದು ಅದನ್ನು, ಅಡಿಯ ಸ್ಲ್ಯಾಬನ್ನಲ್ಲ. ಸವೆದರೆ ಅದನ್ನಷ್ಟೇ ಕಿತ್ತು ಹೊಸದು ಹಾಕಬಹುದು. ಸ್ಲ್ಯಾಬಿನ ಸಂದುಗಳಲ್ಲಿ ಕಬ್ಬಿಣದ ಸರಳುಗಳು ಮೇಲಕ್ಕೆ ನೋಡುತ್ತಿದ್ದವು. ಅವೂ ಆ ಪದರ ಬಂದ ಮೇಲೆಯೇ ಮುಚ್ಚಿ ಹೋಗುವುದು. ಕಾಂಕ್ರೀಟಿಗೆ ಪೂರ್ತಿ ಬಲ ಬಂತೋ ಎಂದು ನೋಡುವುದು 28 ದಿನದ ಲೆಕ್ಕದಲ್ಲಿ, ಏಳು ದಿನಕ್ಕೆ ಬರುವುದು ಸುಮಾರು ಮೂರನೇ ಎರಡು ಪಾಲು ಮಾತ್ರ ಎಂದೆಲ್ಲ ವಿವರಿಸಿದ. ಹಾಲಿನವರು ತಾಳ್ಮೆಯಿಂದ ಕೇಳಿ, "ನಾವು ಮೂರನೇ ಎರಡು ಪಾಲು ತೂಕದವರೇ ಸಾರ್" ಎಂದು ಹೇಳಿ ಹತ್ತಿಸಿಕೊಂಡು ಹೋದರು. ಅವನು ಡ್ರಮ್ಮು ಅಡ್ಡ ಇಟ್ಟು "ಕಾಮಗಾರಿ ಪ್ರಗತಿಯಲ್ಲಿದೆ" ಎಂಬ ಬೋರ್ಡು ತೂಗಿಸಿದ. ನಮ್ಮವರು ಸಂಸ್ಕಾರವಂತರು. ಡ್ರಮ್ಮು ಸರಿಸಿ, ದಾಟಿ, ಪುನಃ ಇದ್ದಲ್ಲಿಗೇ ಇಟ್ಟು ಹೋಗುತ್ತಿದ್ದರು.

ಆ ದಿನಗಳಲ್ಲೇ ಕೆನಡಾದಲ್ಲಿರುವ ಅಕ್ಕನ ಮಗ ಫೋನಿನಲ್ಲಿ ಒಂದು ವಿಡಿಯೋ ಕಳಿಸಿದ. ಮುಂದೆ ಎರಡು ಸ್ಕೀ, ಹಿಂದೆ ಟ್ರ್ಯಾಕ್ ಎನ್ನುವ ಸುತ್ತುವ ರಬ್ಬರ್ ಪಟ್ಟಿ. ಅದರ ಮೇಲೆ ಹೆಲ್ಮೆಟ್ ಹಾಕಿ ಕೂತವರು ಬಿಳಿ ಕಾಡಿನಲ್ಲಿ ಓಡುತ್ತಿದ್ದರು. ಸ್ನೋಮೊಬೈಲ್ ಅಂತೆ. ಕ್ವಿಬೆಕ್‌ನ ಬೊಂಬಾರ್ಡಿಯೇ ಎಂಬ ಮೆಕ್ಯಾನಿಕ್ 1930ರ ದಶಕದಲ್ಲಿ ಹಿಮದ ಮೇಲೆ ಓಡುವ ದೊಡ್ಡ ಬಂಡಿ ಮಾಡಿದವನು, 1959ರಲ್ಲಿ ಒಬ್ಬಿಬ್ಬರು ಕೂರುವ ಸ್ಕೀ-ಡೂ ಎಂಬ ಸಣ್ಣದನ್ನು ಮಾರಾಟಕ್ಕೆ ತಂದನಂತೆ.

"ಮಾವ, ಇಲ್ಲಿ ದಾರಿಯಲ್ಲಿ ಮರದ ಸೇತುವೆ ಬಂದರೆ ಅದರ ಮೇಲೆ ಹಿಮ ನಿಂತಿರುವುದಿಲ್ಲ, ಗಾಳಿಗೆ ಹಾರಿ ಹೋಗಿರ್ತದೆ. ಕ್ಲಬ್ಬಿನವರು ಸಲಿಕೆ ತಗೊಂಡು ಹೋಗಿ ಸೇತುವೆಗೆ ಹಿಮ ಹಾಸ್ತಾರೆ. ಆಮೇಲೆಯೇ ಓಡಿಸುವುದು."

"ಹಾಸದೆ ಓಡಿಸಿದರೆ ಎಂತಾಗ್ತದೆ?"

"ಸ್ಕೀಯ ಅಡಿಯ ಉಕ್ಕು ಹಲಗೆಯನ್ನು ಕೆತ್ತಿ ಹಾಕ್ತದೆ. ಟ್ರ್ಯಾಕ್ ಜಾರಲಿಕ್ಕೂ, ತಣ್ಣಗಾಗಲಿಕ್ಕೂ ಹಿಮವೇ ಬೇಕು. ಇಲ್ಲದಿದ್ದರೆ ಅದರ ಪ್ಲಾಸ್ಟಿಕ್ ಕರಗ್ತದೆ. ಆದರೂ ಕೆಲವರು ಓಡಿಸ್ತಾರೆ ಮಾವ, ಕಾಯುವ ಜಾತಿ ಅಲ್ಲ."

ನನಗೆ ಒಳಗೊಳಗೇ ಸಂತೋಷವಾಯಿತು. ನಮ್ಮ ಹಾಲಿನವರಿಗೆ ಕೆನಡಾದಲ್ಲಿ ನೆಂಟರಿದ್ದಾರೆ!

ಹಿಮ ಹಾಸುವ ಈ ಪದ್ಧತಿ ನಿನ್ನೆ ಮೊನ್ನೆಯದಲ್ಲ. ಅಮೆರಿಕದ ನ್ಯೂ ಇಂಗ್ಲೆಂಡಿನಲ್ಲಿ 19ನೆಯ ಶತಮಾನದಲ್ಲಿ ಮರದ ಸೇತುವೆಗಳಿಗೆ ನಮ್ಮ ಕೊಟ್ಟಿಗೆಯ ಹಾಗೆ ಮಾಡು, ಗೋಡೆ ಎಲ್ಲ ಇರುತ್ತಿತ್ತು. ಮಳೆ, ಹಿಮ ಬಿದ್ದು ಮರ ಕುಂಬಾಗಬಾರದು ಎಂದು ಹೊದಿಸಿದ ಮಾಡು. ಆದರೆ ಚಳಿಗಾಲದಲ್ಲಿ ಕುದುರೆಯ ಜಾರುಬಂಡಿ ಒಳಗೆ ಓಡಬೇಕಾದರೆ ಹಿಮ ಬೇಕೇ ಬೇಕು. ಹಾಗಾಗಿ ಊರವರು ಕೂಲಿ ಕೊಟ್ಟು ಹೊರಗಿನ ಹಿಮವನ್ನು ಒಳಗೆ ತಂದು ಹಾಸಿಸುತ್ತಿದ್ದರು. ಹಿಮ ಬೀಳದಂತೆ ಒಂದು ಖರ್ಚು, ಬಿದ್ದಂತೆ ಮಾಡಲು ಇನ್ನೊಂದು ಖರ್ಚು. ಸರಕಾರಿ ಕೆಲಸ ಎಲ್ಲ ಕಡೆಯೂ ಒಂದೇ ಎಂದು ಸಮಾಧಾನವಾಯಿತು. 2016ರಲ್ಲಂತೂ ಅಲಾಸ್ಕದ ಆಂಕರೇಜ್ ಪೇಟೆಯಲ್ಲಿ ಇಡಿಟರಾಡ್ ನಾಯಿಬಂಡಿ ಓಟ ಹೊರಡಿಸಲು ಹಿಮ ಸಾಲದೆ, ಫೇರ್‌ಬ್ಯಾಂಕ್ಸಿನಿಂದ ರೈಲಿನಲ್ಲಿ ಹಿಮ ತರಿಸಿ ಬೀದಿಗೆ ಹಾಕಿದರು. ಇದನ್ನು ದೊಡ್ಡಮ್ಮನಿಗೆ ಹೇಳಿದೆ. ಅವರು ಅಡಿಕೆ ಸುಲಿಯುವುದನ್ನು ನಿಲ್ಲಿಸದೆ, "ಅವರು ರೈಲಿನಲ್ಲಿ ಹಿಮ ತರ್ತಾರೆ, ನಮಗೆ ಗುಡ್ಡದ ಬುಡದಲ್ಲಿರುವ ಸೇತುವೆಗೆ ಮಣ್ಣು ತರ್ಲಿಕ್ಕಾಗ್ಲಿಲ್ಲ" ಎಂದರು. ಇದಕ್ಕಿಂತ ಚಿಕ್ಕದಾಗಿ ಯಾವ ತನಿಖಾ ವರದಿಯೂ ಬಂದದ್ದಿಲ್ಲ.

ಹಾಗೆ ನೋಡಿದರೆ ಕಾಯುವುದು ನಮ್ಮವರಿಗೆ ಬರುವುದಿಲ್ಲ ಎನ್ನುವ ಹಾಗಿಲ್ಲ. ಮೂಡುಬಿದಿರೆಯ ಕಡಲಕೆರೆಯ ಕಂಬಳದಲ್ಲಿ ಹಲಗೆಯ ಮೇಲೆ ನಿಂತು ಕೋಣ ಓಡಿಸುವುದನ್ನು ನೋಡಿ. ಚಕ್ರ ಇಲ್ಲ, ಕೆಸರಿನ ಮೇಲೆ ಜಾರುವ ಮರದ ತುಂಡು. ಸ್ನೋಮೊಬೈಲಿಗೆ ಮೊದಲೇ ನಮ್ಮಲ್ಲಿದ್ದ ಅದರ ಅಣ್ಣ. ಕೆನೆಹಲಗೆ ಎಂಬ ವಿಭಾಗದಲ್ಲಿ ನೀರು ಮೇಲೆ ಕಟ್ಟಿದ ನಿಶಾನೆಗೆ ಚಿಮ್ಮಿತೋ ಇಲ್ಲವೋ ಎನ್ನುವುದೇ ಗೆಲುವು. ಕೋಣ ಓಡುವ ಕರೆಗೆ ನೀರು ಬಿಟ್ಟು, ಕೆಸರು ಹದ ಬರುವ ಮೊದಲು ಕೋಣ ಇಳಿಸಿ ಎಂದು ಯಾರಾದರೂ ಹೇಳಿದರೆ ಯಜಮಾನರು ಅವನನ್ನೇ ಕರೆಗೆ ಇಳಿಸಿಯಾರು. ಕೋಣದ ಕಾಲಿನ ಬಗ್ಗೆ ಇಷ್ಟು ಜಾಗ್ರತೆ ಇರುವವರು ತಮ್ಮ ಕಾಲಿನ ಬಗ್ಗೆ ಯಾಕೆ ಇಷ್ಟು ಉದಾರಿಗಳು? ಉತ್ತರ ಸರಳ. ಕಂಬಳಕ್ಕೆ ಇಂತಹ ದಿನ ಎಂದರೆ ಆ ದಿನ ನೀರು ಬಂದಿರುತ್ತದೆ. ಸೇತುವೆಗೆ ಮಣ್ಣು ಯಾವ ದಿನ ಬರುತ್ತದೆ ಎಂದು ಯಾವ ಪಂಚಾಂಗದಲ್ಲೂ ಇಲ್ಲ. ಬರುವ ದಿನ ಗೊತ್ತಿದ್ದರೆ ಮನುಷ್ಯ ಕಾಯುತ್ತಾನೆ, ಇಲ್ಲದಿದ್ದರೆ ಅಡಿಕೆ ಮರ ಸೀಳುತ್ತಾನೆ.

ಸೇತುವೆ ಇಲ್ಲದ ಕಷ್ಟ ಈ ಸೀಮೆಗೆ ಹೊಸತಲ್ಲ. 2018ರ ಜೂನ್ 25ರಂದು ಬಂಟ್ವಾಳ ತಾಲೂಕಿನ ಮೂಲರಪಟ್ನದಲ್ಲಿ ಫಲ್ಗುಣಿಯ ಸೇತುವೆ ಕುಸಿದಾಗ ಎರಡು ದಡದವರು ಒಂದೇ ಸಂಜೆಯಲ್ಲಿ ಪರವೂರಿನವರಾದರು. ಪಕ್ಕದ ತೂಗುಸೇತುವೆಯಲ್ಲಿ ನಡೆದು ದಾಟಿದರು. ಮರುವರ್ಷದ ಆಗಸ್ಟಿನಲ್ಲಿ ಚಾರ್ಮಾಡಿ, ಮುಂಡಾಜೆಯ ಕಡೆ ಘಟ್ಟದಿಂದ ಇಳಿದ ನೆರೆ ಮರದ ದಿಮ್ಮಿಗಳನ್ನು ತಂದು ಸೇತುವೆಗಳ ಕಂಬಗಳ ನಡುವೆ ಪೇರಿಸಿತು. ಸೇತುವೆ ನಿಂತಿದ್ದರೂ ಪಕ್ಕದ ಮಣ್ಣು ಕೊಚ್ಚಿ ಹೋದರೆ ಅದು ಯಾರಿಗೂ ಬೇಡದ ಕಾಂಕ್ರೀಟು ಎಂದು ಬೆಳ್ತಂಗಡಿಯವರಿಗೆ ಅಂದೇ ಗೊತ್ತಾಯಿತು. ಇತ್ತ ಪಾಣೆಮಂಗಳೂರಿನಲ್ಲಿ ನೇತ್ರಾವತಿಯ ಮೇಲೆ ಬ್ರಿಟಿಷರ ಕಾಲದ ಸೇತುವೆ, ಪಕ್ಕದಲ್ಲಿ ಹೊಸದು ಬಂದು ಹೆದ್ದಾರಿ ಅತ್ತ ಸರಿದರೂ, ನಿಂತೇ ಇದೆ. ಸುಳ್ಯದ ಗಿರೀಶ್ ಭಾರದ್ವಾಜರು 1989ರಲ್ಲಿ ಅರಂಬೂರಿನಲ್ಲಿ ಪಯಸ್ವಿನಿಗೆ ತಮ್ಮ ಮೊದಲ ತೂಗುಸೇತುವೆ ಕಟ್ಟಿ, ಆಮೇಲೆ ದೇಶದ ಎಷ್ಟೋ ಹಳ್ಳಿಗಳಿಗೆ ದಾರಿ ತೂಗಿಸಿ, 2017ರಲ್ಲಿ ಪದ್ಮಶ್ರೀ ಪಡೆದರು. ಅವು ನಡೆಯುವವರ ಸೇತುವೆಗಳು. ಆದರೆ ಚಕ್ರ ಇದ್ದವನಿಗೆ ಸೇತುವೆ ಕಂಡರೆ ಕೈ ತಡೆಯುವುದಿಲ್ಲ. 2022ರಲ್ಲಿ ಉತ್ತರ ಕನ್ನಡದ ಶಿವಪುರದ ತೂಗುಸೇತುವೆಗೆ ಪ್ರವಾಸಿಗರು ಕಾರನ್ನೇ ನುಗ್ಗಿಸಿದ್ದರು. ಊರವರು ತಡೆದು ಹಿಂದಕ್ಕೆ ಕಳಿಸಿದರು. ನಮ್ಮ ಹಾಲಿನವರು ಆ ಸುದ್ದಿ ಓದಿ, "ಛೆ, ಜನರಿಗೆ ಬುದ್ಧಿ ಇಲ್ಲ" ಎಂದು ಹೇಳಿ, ಡ್ರಮ್ಮು ಸರಿಸಿದರು.

ನಮ್ಮ ಸೇತುವೆಗೆ ಮಣ್ಣು ಬಂದದ್ದು ಮಳೆಗಾಲದ ಹೊಸ್ತಿಲಲ್ಲಿ, ಪತ್ತನಾಜೆಯ ಹೊತ್ತಿಗೆ. ಯಕ್ಷಗಾನ ಮೇಳದವರು ಗೆಜ್ಜೆ ಬಿಚ್ಚುವಾಗ ಗುತ್ತಿಗೆದಾರರು ಗೆಜ್ಜೆ ಕಟ್ಟುವುದು ನಮ್ಮಲ್ಲಿ ವಾಡಿಕೆ. ಜೆಸಿಬಿ ಬಂತು, ಟಿಪ್ಪರಿನಲ್ಲಿ ಕೆಂಪು ಮಣ್ಣು ಬಂತು, ವೇರಿಂಗ್ ಕೋಟೂ ಬಿತ್ತು. ಹಾಲಿನವರು ತಮ್ಮ ಅಡಿಕೆ ಸೀಳುಗಳನ್ನು ಹಿಂದಕ್ಕೆ ಕೊಂಡುಹೋಗಿ ಹಟ್ಟಿಯ ಮಾಡಿಗೆ ಹಾಕಿದರು. ಜೂನ್ ಮೊದಲ ವಾರದ ಮಳೆಗೆ ಹೊಸ ಮಣ್ಣು ಒಂದು ಗೇಣು ಕೆಳಗೆ ಕೂತಿತು, ಬಸ್ಸು ಸೇತುವೆ ಹತ್ತುವಾಗ ಹಿಂದಿನ ಸೀಟಿನವರ ತಲೆ ಮಾಡಿಗೆ ತಾಗತೊಡಗಿತು. ಮೂರನೆಯ ಉದ್ಘಾಟನೆ ಅದರ ನಂತರ ಆಯಿತು. ಭಾಷಣದಲ್ಲಿ ಊರವರ ಬಹುದಿನದ ಕನಸು ನನಸಾಯಿತು ಎಂದರು. ಊರವರು ಆ ಕನಸಿನ ಮೇಲೆ ಮೂರು ತಿಂಗಳಿಂದ ಸ್ಕೂಟರ್ ಓಡಿಸಿಕೊಂಡಿದ್ದರು.

ಈಗ ಎರಡು ವಿಜ್ಞಾಪನೆ. ಕಟ್ಟಿಸುವವರಲ್ಲಿ: ಸ್ಲ್ಯಾಬು ಮತ್ತು ಮಣ್ಣು ಒಂದೇ ಕಡತದಲ್ಲಿರಲಿ, ಮಣ್ಣು ಫೆಬ್ರವರಿಯಲ್ಲಿ ಬೀಳಲಿ; ಯಾವ ತಾರೀಕಿಗೆ ಎಂದು ಆ ಕಾಮಗಾರಿಯ ಬೋರ್ಡಿನಲ್ಲೇ ಬರೆಯಿರಿ, ನಾವು ಕಾಯುತ್ತೇವೆ. ದಾಟುವವರಲ್ಲಿ: ಇಪ್ಪತ್ತೆಂಟು ದಿನದ ಮಟ್ಟಿಗಾದರೂ ಬೈಕನ್ನು ಸುತ್ತು ದಾರಿಯಲ್ಲಿ ಓಡಿಸಿ, ಮಾರಾಯ್ರೆ. ಅಷ್ಟೂ ಆಗದಿದ್ದರೆ ಹಿಂದೆ ಕೂತವರನ್ನು ಇಳಿಸಿ, ದಾಟಿದ ಮೇಲೆ ಡ್ರಮ್ಮನ್ನು ಇದ್ದಲ್ಲಿಗೇ ಇಡಿ.