ಕೈ ಹಾಕಬೇಡಿ, ಕಿವಿ ಕೊಡಿ

ಕಂಪ್ಯೂಟರ್ ಮುನಿಸಿಕೊಂಡಾಗ ಮನೆಯ ಮೊಮ್ಮಗನನ್ನು ಕೂಗುವುದು ಊರೂರಿನ ಪದ್ಧತಿ. ಅವನು ಬರುತ್ತಾನೆ, ‘ತಾತಾ, ಸ್ವಲ್ಪ ಸರಿ’ ಎನ್ನುತ್ತಾನೆ, ಮೌಸ್ ಕಸಿದುಕೊಂಡು ಟಿಕ್ ಟಿಕ್ ಅನ್ನಿಸುತ್ತಾನೆ, ‘ಇಷ್ಟೇ, ಸಿಂಪಲ್’ ಎಂದು ಹೊರಟುಹೋಗುತ್ತಾನೆ. ಕಂಪ್ಯೂಟರ್ ಸರಿಹೋಗಿರುತ್ತದೆ, ತಾತ ಇದ್ದಲ್ಲೇ ಇರುತ್ತಾರೆ. ಮುಂದಿನ ವಾರ ಅದೇ ತೊಂದರೆ, ಅದೇ ಕೂಗು. ಮೊಮ್ಮಗ ಕೆಲಸಕ್ಕೆಂದು ಬೆಂಗಳೂರು ಸೇರಿದ ಮೇಲೆ ಕೂಗೂ ಇಲ್ಲ. ಕಂಪ್ಯೂಟರಿಗೆ ಹಳೇ ಟವೆಲ್ ಹೊದಿಸಿಟ್ಟು ಕೈತೊಳೆದುಕೊಳ್ಳುತ್ತಾರೆ. ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿಗೆಲ್ಲ ಸೇರಿ ಸ್ವಯಂಸೇವಕರ ಒಂದು ಫೋನ್ ಸಹಾಯ ಬೇಕು ಎಂದು ನಾನು ವಾದಿಸುವುದು ಈ ಕಾರಣಕ್ಕೇ. ಫೋನಿನಲ್ಲಿ ಮಾತು ಹೋಗುತ್ತದೆ, ಕೈ ಹೋಗುವುದಿಲ್ಲ. ಜನ ಇದನ್ನು ಫೋನಿನ ಕೊರತೆ ಎನ್ನುತ್ತಾರೆ. ನನಗೆ ಅದೇ ಅದರ ಬಂಡವಾಳ. ಮೌಸ್ ಕಸಿಯಲಾಗದವನು ಹೇಳಿಕೊಡಲೇಬೇಕು, ಕೇಳಿದವರು ತಮ್ಮ ಕೈಯಾರೆ ಮಾಡಲೇಬೇಕು.

ಕಣ್ಣಿಗೆ ಬೀಳದ ಪರದೆಯ ರೋಗವನ್ನು ಮಾತಿನಲ್ಲೇ ಹಿಡಿಯಲಾದೀತೇ ಎಂಬುದು ಮೊದಲ ಆಕ್ಷೇಪ. ಆದೀತು, ರೋಗಗಳು ನಾವು ಹೆದರುವಷ್ಟು ಘನವಾದವಲ್ಲ. ಹಂಪಿಯ ವಿರೂಪಾಕ್ಷ ಗುಡಿಯಲ್ಲಿ ಸಣ್ಣ ಕಿಂಡಿಯಿಂದ ಬಂದ ಬೆಳಕು ಗೋಪುರವನ್ನು ಗೋಡೆಯ ಮೇಲೆ ತಲೆಕೆಳಗಾಗಿ ಮೂಡಿಸುವುದನ್ನು ನೋಡಲು ದೇಶದೇಶದವರು ಬರುತ್ತಾರೆ. ಅದೇ ಸೀಮೆಯ ಅಂಗಡಿಯವರ ಹಳೇ ಲ್ಯಾಪ್‌ಟಾಪಿನ ಪರದೆ ತಲೆಕೆಳಗಾದರೆ ಮಾತ್ರ ಯಾರೂ ಫೋಟೊ ಹಿಡಿಯುವುದಿಲ್ಲ. ಪುಟ್ಟ ಕೈಯೊಂದು ಕಂಟ್ರೋಲ್, ಆಲ್ಟ್, ಕೆಳಬಾಣ ಮೂರನ್ನೂ ಒಟ್ಟಿಗೆ ಒತ್ತಿರುತ್ತದೆ. ‘ಮೊದಲಿನ ಎರಡು ಅದುಮಿ ಹಿಡಕೊಂಡು ಮೇಲಿನ ಬಾಣ ಒತ್ರಿ’ ಎಂದರೆ ಎಲ್ಲ ನೆಟ್ಟಗಾಗುತ್ತದೆ. ಸಂಡೂರಿನ ಲಂಬಾಣಿ ಕಸೂತಿಗೆ 2010ರಲ್ಲಿ ಜಿಐ ಮಾನ್ಯತೆ ಬಂತು. ಕಸೂತಿ ಹಾಕುವ ಹೆಂಗಸರ ಸಂಘದ ಲೆಕ್ಕ ಎಕ್ಸೆಲ್ಲಿಗೆ ಬಂತೆನ್ನಿ. ಒಂದು ದಿನ ಒಟ್ಟು ಮೊತ್ತ ಇರಬೇಕಾದ ಮನೆಯಲ್ಲಿ ಅಂಕಿಯೇ ಇಲ್ಲ, ಅಡ್ಡ ಉದ್ದ ಗೀಟುಗಳ ಜಾಲರಿ ಸಾಲುಗಟ್ಟಿ ಕೂತಿರುತ್ತದೆ. ದುಡ್ಡು ಎಲ್ಲಿಗೂ ಹೋಗಿಲ್ಲ, ಮನೆ ಇಕ್ಕಟ್ಟಾಗಿದೆ ಅಷ್ಟೆ. ಕಾಲಮ್ಮಿನ ಗೆರೆ ಹಿಡಿದು ಬಲಕ್ಕೆ ಎಳೆದರೆ ಅಂಕಿ ಹೊರಬರುತ್ತದೆ. ಕಂಪ್ಲಿಯ ಮೇಷ್ಟ್ರೊಬ್ಬರು ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿದ ಲೇಖನ ಪತ್ರಿಕಾ ಕಚೇರಿಯಲ್ಲಿ ಯಾವ ಲೋಕದ್ದೋ ಲಿಪಿಯಾಗಿ ತೆರೆದುಕೊಂಡರೆ, ಅವರ ಹಳೇ ನುಡಿ ಅಕ್ಷರ ಅಲ್ಲಿಯ ಯಂತ್ರದಲ್ಲಿ ಇಲ್ಲವೆಂದೇ ಅರ್ಥ. ಯೂನಿಕೋಡಿಗೆ ಬದಲಿಸಿ ಕಳಿಸಿದರೆ ಕನ್ನಡ ಕನ್ನಡವಾಗಿಯೇ ತಲುಪುತ್ತದೆ. ಈ ಮೂರಕ್ಕೂ ಎಂಜಿನಿಯರ್ ಬೇಕಿಲ್ಲ. ‘ಈಗ ಏನ್ ಕಾಣ್ತೈತ್ರಿ?’ ಎಂದು ಕೇಳಿ, ಉತ್ತರ ಬರುವ ತನಕ ಸುಮ್ಮನಿರಬಲ್ಲ ಮನುಷ್ಯರು ಸಾಕು.

ಸರ್ಕಾರದ ಸಹಾಯವಾಣಿ, ಗ್ರಾಮ ಒನ್ ಎಲ್ಲ ಇವೆಯಲ್ಲ ಎನ್ನುವವರಿದ್ದಾರೆ. ಇವೆ. ಗ್ರಾಮ ಒನ್ ಅರ್ಜಿ ಹಾಕಿಕೊಡುತ್ತದೆ. ಅರ್ಜಿದಾರರಿಗೆ ಕೀಬೋರ್ಡ್ ಕಲಿಸುವುದು ಅದರ ಕೆಲಸವಲ್ಲ. ಭೂಮಿ ಯೋಜನೆಯಲ್ಲಿ 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರ್ ಒಳಗೆ ಹೋದವು, ರೈತ ಮಾತ್ರ ಕೌಂಟರಿನ ಈಚೆಯೇ ಉಳಿದ. ತಿಳಿವಳಿಕೆ ಫೋನಿನಲ್ಲಿ ದಾಟದು ಎನ್ನುವವರು ಕಿಸಾನ್ ಕಾಲ್ ಸೆಂಟರಿನ ಕಡೆ ನೋಡಬೇಕು: ಬೆಳೆಯನ್ನು ಕಾಣದೆಯೇ, ಎಲೆ ಹೇಗಿದೆ, ಬುಡ ಹೇಗಿದೆ ಎಂದು ರೈತರ ಭಾಷೆಯಲ್ಲೇ ವಿಚಾರಿಸಿ ಅಲ್ಲಿ 2004ರಿಂದ ಸಲಹೆ ಹೇಳುತ್ತಿದ್ದಾರೆ. ಎಲೆಯ ಹಳದಿ ಫೋನಿನಲ್ಲಿ ದಾಟುವುದಾದರೆ ಪರದೆಯ ಹಳದಿ ಪಟ್ಟಿ ದಾಟದೇ? ಅಲ್ಲದೆ ಸರ್ಕಾರಕ್ಕೆ ಎಲ್ಲೆಗಳಿವೆ. 2021ರಲ್ಲಿ ವಿಜಯನಗರ ಜಿಲ್ಲೆಯಾದಾಗ ಹೊಸಪೇಟೆ, ಹಂಪಿ ಅತ್ತ ಹೋದವು. ಸಂಡೂರು, ಕಂಪ್ಲಿ ಬಳ್ಳಾರಿಯಲ್ಲೇ ಉಳಿದವು. ಕಡತಕ್ಕೆ ಇದು ದೊಡ್ಡ ಸಂಗತಿ. ಕ್ಯಾಪ್ಸ್ ಲಾಕ್ ಬಿದ್ದದ್ದು ತಿಳಿಯದೆ ಸರಿಯಾದ ಪಾಸ್‌ವರ್ಡನ್ನೇ ಮತ್ತೆ ಮತ್ತೆ ಕುಟ್ಟುತ್ತಿರುವವರಿಗೆ ಯಾವ ಜಿಲ್ಲೆಯಾದರೇನು?

ಗಟ್ಟಿ ಆಕ್ಷೇಪ ಬೇರೆಯೇ ಇದೆ. ‘ಸಹಾಯ ಮಾಡ್ತೀವಿ’ ಎಂದು ಫೋನ್ ಮಾಡಿದವರೇ ಖಾತೆ ಗುಡಿಸಿಕೊಂಡು ಹೋಗುವ ಕಾಲದಲ್ಲಿ ಗುರುತಿಲ್ಲದ ದನಿಯನ್ನು ನಂಬುವುದು ಹೇಗೆ? ನಯವಾದ ಮಾತಿನಿಂದ ಗುರುತಿಸುತ್ತೇವೆಂದರೆ ಆಗದು. ಕಳ್ಳರ ಮಾತೇ ಹೆಚ್ಚು ನಯ. ಇಲ್ಲಿಯೂ ಕಾಯುವುದು ಕೈ ಹಾಕದ ನಿಯಮವೇ. ಬೇರೆಯವರ ಪರದೆಯನ್ನು ದೂರದಿಂದಲೇ ನಡೆಸುವ ಆ್ಯಪ್‌ಗಳು ಬಂದಿವೆ, ಅವಿದ್ದರೆ ಎರಡೇ ನಿಮಿಷದ ಕೆಲಸ ಎಂದು ಉತ್ಸಾಹಿಗಳು ಹೇಳುತ್ತಾರೆ. ವಂಚಕರಿಗೂ ಅದು ಎರಡೇ ನಿಮಿಷದ ಕೆಲಸ. ಇಂಥ ಆ್ಯಪಿನ ಬಗ್ಗೆ ರಿಸರ್ವ್ ಬ್ಯಾಂಕ್ 2019ರಲ್ಲೇ ಎಚ್ಚರಿಸಿತ್ತು. ಆದ್ದರಿಂದ ಕಟ್ಟಳೆ ಹೀಗಿರಲಿ: ನಾವಾಗಿ ಯಾರಿಗೂ ಫೋನ್ ಮಾಡುವುದಿಲ್ಲ, ಯಾವ ಆ್ಯಪನ್ನೂ ಹಾಕಿಸುವುದಿಲ್ಲ, ಒಟಿಪಿ ಎಂಬ ಮಾತನ್ನೇ ಎತ್ತುವುದಿಲ್ಲ, ಬ್ಯಾಂಕಿನ ವಿಷಯಕ್ಕೆ ಬ್ಯಾಂಕಿಗೇ ಕಳಿಸುತ್ತೇವೆ, ದುಡ್ಡು ಹೋಗಿದ್ದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿಸುತ್ತೇವೆ. ಇದನ್ನು ಗ್ರಂಥಾಲಯ, ಪಂಚಾಯ್ತಿ, ರೈತ ಸಂಪರ್ಕ ಕೇಂದ್ರಗಳ ಗೋಡೆಗೆ ನಂಬರಿನ ಜೊತೆಗೇ ಅಂಟಿಸಿಬಿಟ್ಟರೆ, ನಮ್ಮ ಹೆಸರು ಹೇಳಿ ಒಟಿಪಿ ಕೇಳಿದವನು ಕಳ್ಳನೆಂದು ಕೇಳಿದ ಕ್ಷಣದಲ್ಲೇ ತಿಳಿಯುತ್ತದೆ.

ಇನ್ನು ಸ್ವಯಂಸೇವಕರು ಎಲ್ಲಿ ಸಿಗುತ್ತಾರೆ? ಹಂಪಿಯಲ್ಲಿ ಬೇಸಿಗೆ ಬಿಸಿಲಿಗೆ ಪ್ರವಾಸಿಗರು ತೆಳುವಾದಾಗ ಗೈಡುಗಳು ಸಿಗುತ್ತಾರೆ. ಬರೀ ಕಲ್ಲುಕಂಬದ ಸಾಲು ತೋರಿಸಿ ‘ಇಲ್ಲೇ ಮುತ್ತು ರತ್ನ ಮಾರ್ತಿದ್ರು’ ಎಂದು ಕಣ್ಣಿಗೆ ಕಟ್ಟಿಸುವವರಿಗೆ ಕಾಣದ ಪರದೆ ಯಾವ ಲೆಕ್ಕ? ನಿವೃತ್ತ ಮೇಷ್ಟ್ರುಗಳು ಸಿಗುತ್ತಾರೆ. ಒಂದೇ ಮಗ್ಗಿಯನ್ನು ವರ್ಷಾನುಗಟ್ಟಲೆ ಹೇಳಿಸಿಯೂ ಬೇಸರಪಡದ ಜೀವಗಳವು. ಪುಕ್ಕಟೆ ಕೆಲಸ ಬಹುಕಾಲ ಬಾಳದು ಎಂಬ ಮಾತಿನಲ್ಲಿ ಸತ್ಯವಿದೆ. ಆದುದರಿಂದ ಸಂಜೆ ಎರಡೇ ಗಂಟೆ, ವಾರಕ್ಕೆ ಒಬ್ಬರಿಗೆ ಒಂದೇ ದಿನ, ಪಕ್ಕದಲ್ಲೊಂದು ನೋಟ್‌ಬುಕ್. ಪ್ರಶ್ನೆಗಳು ಬಹುಪಾಲು ಅವವೇ ಬರುವುದರಿಂದ ಇಂದಿನ ಉತ್ತರ ನಾಳಿನವರಿಗೆ ಸಿದ್ಧವಿರುತ್ತದೆ. ಉಪದೇಶಕ್ಕೆ ಅವಕಾಶವಿಲ್ಲ, ‘ಸಿಂಪಲ್’ ಎಂದವರಿಗೆ ಆ ವಾರ ರಜೆ. ಒಮ್ಮೆ ಕೇಳಿ ಕಲಿತವರನ್ನು ಮುಂದೆ ಹೇಳುವವರ ಸಾಲಿಗೇ ಎಳೆದುಕೊಳ್ಳಬೇಕು, ಏಕೆಂದರೆ ಎಲ್ಲಿ ತಡವರಿಸುತ್ತದೆ ಎಂಬುದು ಅವರಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರುವುದಿಲ್ಲ. ಹೀಗೆ ಎಲ್ಲರೂ ಕಲಿತುಬಿಟ್ಟರೆ ಫೋನ್ ಮೂಕವಾಗಿ ಸಹಾಯವಾಣಿ ಮುಚ್ಚಬೇಕಾದೀತಲ್ಲ ಎಂದು ಚಿಂತಿಸುವವರೂ ಇದ್ದಾರು. ಅವರು ನಿಶ್ಚಿಂತೆಯಿಂದಿರಲಿ: ಜನ ಕಲಿತು ಮುಗಿಸುವಷ್ಟರಲ್ಲಿ ಹೊಸ ಅಪ್‌ಡೇಟ್ ಬಂದು, ಎಲ್ಲ ಗುಂಡಿಗಳನ್ನೂ ಬೇರೆ ಕಡೆ ಎತ್ತಿಟ್ಟಿರುತ್ತದೆ.