ಸಮಿತಿ ಮೀಮಾಂಸೆ: ಪ್ರಥಮಾಧಿಕರಣ

ಯಾವ ಶಾಸ್ತ್ರವೇ ಆಗಲಿ, ಅದರ ವಿಷಯವೇನು, ಪ್ರಯೋಜನವೇನು, ಸಂಬಂಧವೇನು, ಅಧಿಕಾರಿ ಯಾರು ಎಂಬ ಅನುಬಂಧಚತುಷ್ಟಯವನ್ನು ನಿರೂಪಿಸದೆ ಗ್ರಂಥಕ್ಕೆ ಕೈಹಾಕಿದವನು ಪಂಡಿತರ ಅಪಹಾಸ್ಯಕ್ಕೆ ಗುರಿಯಾಗುವನೆಂಬ ಭಯವು ಪ್ರಸ್ತುತ ಲೇಖಕನಿಗೂ ಇರುವುದರಿಂದ, ಆ ನಾಲ್ಕನ್ನೂ ಮೊದಲಲ್ಲಿಯೇ ಹೇಳಿಬಿಡುವುದು ಕ್ಷೇಮ. ಇಲ್ಲಿಯ ವಿಷಯವು ಅಮೆರಿಕದ ಯೂನಿಟೇರಿಯನ್ ಯೂನಿವರ್ಸಲಿಸ್ಟ್ ಎಂಬ ಉದಾರಪಂಥದವರ, ತನ್ನನ್ನು ತಾನೇ ಆಳಿಕೊಳ್ಳತಕ್ಕ ಉಪಾಸನಾಸಭೆ. ದೇವರ ವಿಷಯದಲ್ಲಿ ಯಾವ ಇಬ್ಬರಿಗೂ ಒಮ್ಮತವಿಲ್ಲದ ನೂರು ಮಂದಿ ಒಂದೇ ಸೂರಿನಡಿಯಲ್ಲಿ ಕುಳಿತು ಒಂದೇ ಆಯವ್ಯಯ ಪತ್ರವನ್ನು ಅಂಗೀಕರಿಸುವುದು ಹೇಗೆಂಬ ಸಂದೇಹದ ನಿವಾರಣೆಯೇ ಪ್ರಯೋಜನ. ಸಂಬಂಧವಂತೂ ನಮಗೆ ತೀರ ದೂರದ್ದಲ್ಲ: 1821ರಲ್ಲಿ ಕಲ್ಕತ್ತೆಯಲ್ಲಿ ಯೂನಿಟೇರಿಯನ್ ಸಮಿತಿಯು ಸ್ಥಾಪಿತವಾದಾಗ ರಾಜಾ ರಾಮಮೋಹನ ರಾಯರು ಅದರಲ್ಲಿದ್ದರು, ಸುವಾರ್ತೆಗಳನ್ನು ಬಂಗಾಳಿಗೆ ತರುವ ಕೆಲಸದಲ್ಲಿ ಅವರೊಡನೆ ಕುಳಿತ ಬ್ಯಾಪ್ಟಿಸ್ಟ್ ಪಾದ್ರಿ ವಿಲಿಯಂ ಆಡಂ, ಪರರನ್ನು ತಿದ್ದಲು ಬಂದವನು, ತಾನೇ ತ್ರಿತ್ವವನ್ನು ತೊರೆದು ಏಕತ್ವಕ್ಕೆ ಬಂದು ‘ಎರಡನೆಯ ಪತಿತ ಆಡಂ’ ಎಂಬ ಬಿರುದನ್ನು ಸಂಪಾದಿಸಿದನು. ಕಲ್ಕತ್ತೆಯಲ್ಲಿ ಈ ಮತವು ಗುಡಿಯ ರೂಪದಲ್ಲಿ ಅಲ್ಲ, ಸಮಿತಿಯ ರೂಪದಲ್ಲಿ ಅವತರಿಸಿತೆಂಬುದನ್ನು ಸೂಕ್ಷ್ಮಮತಿಗಳು ಮನಸ್ಸಿನಲ್ಲಿಟ್ಟಿರತಕ್ಕದ್ದು. ಇನ್ನು ಅಧಿಕಾರಿಯು, ಸದಸ್ಯರ ಪುಸ್ತಕದಲ್ಲಿ ರುಜು ಹಾಕಿದವನು. ಆ ಪುಸ್ತಕವು ಅವನ ಕುಲವನ್ನಾಗಲಿ ದೈವವನ್ನಾಗಲಿ ಕೇಳುವುದಿಲ್ಲ. ವಿಳಾಸವನ್ನು ಮಾತ್ರ ಕೇಳುತ್ತದೆ, ವಂತಿಗೆಯ ಪತ್ರ ತಲಪಬೇಕಷ್ಟೆ.

ವಿಷಯದ ಪೂರ್ವೋತ್ತರವನ್ನು ಸ್ವಲ್ಪ ನೋಡೋಣ. 1648ರಲ್ಲಿ ಮಸಾಚುಸೆಟ್ಸಿನ ಕೇಂಬ್ರಿಡ್ಜಿನಲ್ಲಿ ಪ್ಯೂರಿಟನ್ ಹಿರಿಯರು ಸೇರಿ, ಪ್ರತಿಯೊಂದು ಸಭೆಯೂ ತನ್ನ ಬೋಧಕನನ್ನೂ ಅಧಿಕಾರಿಗಳನ್ನೂ ತಾನೇ ಆರಿಸಿಕೊಳ್ಳತಕ್ಕದ್ದು, ಮೇಲೆ ಬಿಷಪ್ಪನೆಂಬವನು ಇರಕೂಡದು ಎಂದು ಬರೆದಿಟ್ಟರು. ಆ ಹಿರಿಯರು ಕಾಲ್ವಿನನ ಕಠೋರ ಸಿದ್ಧಾಂತದವರು. ಅವರ ಮರಿಮಕ್ಕಳ ಮರಿಮಕ್ಕಳಾದರೋ ಆ ಸಿದ್ಧಾಂತವನ್ನು ಒಂದೊಂದಾಗಿ ಕಳಚಿಹಾಕಿ, 1825ರಲ್ಲಿ ಅಮೆರಿಕನ್ ಯೂನಿಟೇರಿಯನ್ ಸಂಘವನ್ನು ಕಟ್ಟಿ, ಸಭೆ ನಡೆಸುವ ಕ್ರಮವನ್ನು ಮಾತ್ರ ಒಂದಕ್ಷರವೂ ಲೋಪವಾಗದಂತೆ ಉಳಿಸಿಕೊಂಡರು. ನಡುವೆ 1820ರಲ್ಲಿ ಡೆಡ್‌ಹ್ಯಾಮ್ ಎಂಬ ಊರಿನ ವ್ಯಾಜ್ಯದಲ್ಲಿ, ಚರ್ಚಿನ ಆಸ್ತಿಯು ಹಳೆಯ ಸಿದ್ಧಾಂತವನ್ನೇ ಹಿಡಿದು ಹೊರನಡೆದವರಿಗೆ ಸೇರತಕ್ಕದ್ದಲ್ಲ, ಊರಿನ ಪ್ಯಾರಿಷ್ಷಿಗೆ ಸೇರತಕ್ಕದ್ದು ಎಂದು ನ್ಯಾಯಾಲಯ ತೀರ್ಪಿತ್ತಿತು. ಶ್ರದ್ಧೆ ನಮ್ಮೊಡನೆ ಬಂತು, ಮೇಜುಕುರ್ಚಿ ಅವರಲ್ಲಿ ಉಳಿಯಿತು ಎಂದು ಸೋತವರು ಸಮಾಧಾನಪಟ್ಟುಕೊಂಡರೆಂದು ಪ್ರತೀತಿ. ಸೋತವರು ಇದನ್ನು ನಿಂದೆಯಾಗಿ ಹೇಳಿದರು. ನಮ್ಮ ಶಾಸ್ತ್ರದೃಷ್ಟಿಯಲ್ಲಿ ಇದು ಸ್ತುತಿ, ಏಕೆಂದರೆ ಶ್ರದ್ಧೆಯಿಲ್ಲದೆ ಸಭೆ ಸೇರಿದ ದೃಷ್ಟಾಂತಗಳು ಬಹಳ ಉಂಟು, ಕುರ್ಚಿಯಿಲ್ಲದೆ ಸಭೆ ಸೇರಿದ್ದು ವಿರಳ. ಅತ್ತ ಯೂನಿವರ್ಸಲಿಸ್ಟರು, ಸರ್ವರಿಗೂ ಮುಕ್ತಿಯುಂಟೆಂದು ಸಾರುತ್ತಿದ್ದವರು. ದೇವರು ನಮ್ಮನ್ನು ನರಕಕ್ಕೆ ತಳ್ಳಲಾರದಷ್ಟು ಒಳ್ಳೆಯವನೆಂದು ಯೂನಿವರ್ಸಲಿಸ್ಟರೂ, ನಾವೇ ನರಕಕ್ಕೆ ಹೋಗಲಾರದಷ್ಟು ಒಳ್ಳೆಯವರೆಂದು ಯೂನಿಟೇರಿಯನರೂ ನಂಬುತ್ತಾರೆಂದು ಎರಡು ಮನೆಗೂ ಸೇರಿದ್ದ ಥಾಮಸ್ ಸ್ಟಾರ್ ಕಿಂಗನು ವಿನೋದವಾಡಿದನಂತೆ. ಹೇಗೂ ನರಕದ ಭಯ ಇಬ್ಬರಿಗೂ ಇಲ್ಲದ್ದರಿಂದ, 1961ರಲ್ಲಿ ಎರಡು ಪಂಥಗಳೂ ಕೂಡಿ ಒಂದೇ ಸಂಘವಾದವು. ಈಗ ಸುಮಾರು 1000 ಸಭೆಗಳುಂಟು, ಒಂದೊಂದೂ ಸ್ವತಂತ್ರ.

ಇಲ್ಲಿ ಸಂಶಯ: ಇದು ಧರ್ಮವೋ, ಅಥವಾ ಭಾನುವಾರ ಬೆಳಿಗ್ಗೆ ಬೇರೆ ಕೆಲಸವಿಲ್ಲದವರ ಕ್ಲಬ್ಬೋ?

ಪೂರ್ವಪಕ್ಷಿಯು ಹೇಳುತ್ತಾನೆ: ಕ್ಲಬ್ಬೇ. ಏಕೆಂದರೆ, ಯಾಗಕ್ಕೆ ದ್ರವ್ಯ ಬೇಕು, ದೇವತೆ ಬೇಕು, ಆ ದೇವತೆಯ ಉದ್ದೇಶವಾಗಿ ದ್ರವ್ಯದ ತ್ಯಾಗ ನಡೆಯಬೇಕು. ಇಲ್ಲಿ ದ್ರವ್ಯವುಂಟು, ಖಜಾಂಚಿಯ ವರದಿಯೇ ಅದಕ್ಕೆ ಸಾಕ್ಷಿ. ತ್ಯಾಗವೂ ಉಂಟು, ಅದಕ್ಕೆ ಸದಸ್ಯರ ನಿಟ್ಟುಸಿರು ಸಾಕ್ಷಿ. ದೇವತೆ ಮಾತ್ರ ಯಾರೆಂದು ಗೊತ್ತಿಲ್ಲ. ಒಂದೇ ಬೆಂಚಿನ ಮೇಲೆ ಈಶ್ವರವಾದಿ, ನಿರೀಶ್ವರವಾದಿ, ಬೌದ್ಧ, ಮಾನವತಾವಾದಿ ಕುಳಿತು ಒಂದೇ ಹಾಡನ್ನು ಹಾಡುತ್ತಾರೆ. ಹಾಡುವುದಕ್ಕೆ ಮುಂಚೆ, ತಾವು ಒಪ್ಪದ ಶಬ್ದ ಮುಂದಿನ ಸಾಲಿನಲ್ಲಿ ಬರುವುದೋ ಎಂದು ಕಣ್ಣೋಡಿಸಿಕೊಳ್ಳುತ್ತಾರೆ. ದೇವತೆಯಿಲ್ಲದ ಯಾಗವನ್ನು ಯಾಗವೆನ್ನುವುದು ವರನಿಲ್ಲದ ಮದುವೆಯನ್ನು ಮದುವೆಯೆಂದಂತೆ.

ಇದಕ್ಕೆ ಸಿದ್ಧಾಂತ: ಪೂರ್ವಪಕ್ಷಿಯು ಜೈಮಿನಿಯ ದರ್ಶನವನ್ನು ಸರಿಯಾಗಿ ಓದಿದವನಲ್ಲ. ದೇವತೆಗೆ ಶರೀರವಿಲ್ಲ, ಅದು ಹವಿಸ್ಸನ್ನು ಉಣ್ಣುವುದಿಲ್ಲ, ಫಲವನ್ನು ಕೊಡುವುದೂ ಇಲ್ಲ. ಮಂತ್ರದಲ್ಲಿ ಚತುರ್ಥೀ ವಿಭಕ್ತಿಯಿಂದ ನಿರ್ದಿಷ್ಟವಾದ ಶಬ್ದವಾಗಿ ಒದಗಿದರೆ ಸಾಕು, ಪ್ರಧಾನವಾದದ್ದು ಕರ್ಮವೇ ಎಂದು ಶಬರಸ್ವಾಮಿಯ ಭಾಷ್ಯವು ಬಹು ಹಿಂದೆಯೇ ನಿರ್ಣಯಿಸಿದೆ. ನಮ್ಮ ಮೀಮಾಂಸಕರು ದೇವತೆಯನ್ನು ಚತುರ್ಥೀ ವಿಭಕ್ತಿಯವರೆಗೆ ಕುಗ್ಗಿಸಿದರು. ಈ ಉದಾರಪಂಥದವರು ಆ ವಿಭಕ್ತಿಯ ಮುಂಚಿನ ಜಾಗವನ್ನು ಖಾಲಿ ಬಿಟ್ಟು, ಅದನ್ನು ತುಂಬುವ ಹೊಣೆಯನ್ನು ಆಯಾ ಸದಸ್ಯನ ಅಂತಃಸಾಕ್ಷಿಗೆ ವಹಿಸಿದರು. ವ್ಯತ್ಯಾಸವು ಅಲ್ಪ. ಆದಕಾರಣ ಇದು ಯಾಗವೇ, ಅದೂ ವಿಧ್ಯುಕ್ತವಾದ ಸತ್ರಯಾಗ.

ಪ್ರಮಾಣವಿಚಾರ. ಇವರಲ್ಲಿ ಶ್ರುತಿಯ ಸ್ಥಾನದಲ್ಲಿರುವುದು ಸಂಘದ ನಿಯಮಾವಳಿ. ನಮ್ಮ ಶ್ರುತಿಯು ಅಪೌರುಷೇಯ, ಅನಾದಿ, ಅಚಲ. ಅವರದಾದರೋ ಹದಿನೈದು ವರ್ಷಕ್ಕೊಮ್ಮೆಯಾದರೂ ತನ್ನ ಎರಡನೆಯ ಅನುಚ್ಛೇದವನ್ನು ಪುನಃ ಪರಿಶೀಲಿಸತಕ್ಕದ್ದೆಂದು ತಾನೇ ವಿಧಿಸಿಕೊಂಡಿರುವ, ಜಗತ್ತಿನ ಶ್ರುತಿಗಳಲ್ಲೆಲ್ಲ ವಿನಯದಲ್ಲಿ ಅಗ್ರಗಣ್ಯವಾದ ಶ್ರುತಿ. ಆ ಅನುಚ್ಛೇದದಲ್ಲಿ 1985ರಲ್ಲಿ ಸ್ಥಿರಪಟ್ಟಿದ್ದ ಏಳು ತತ್ತ್ವಗಳು 2024ರ ಮಹಾಸಭೆಯಲ್ಲಿ ಮತಕ್ಕೆ ಬಿದ್ದು, ಪ್ರೀತಿಯನ್ನು ನಡುವೆ ಇಟ್ಟುಕೊಂಡ ಮೌಲ್ಯಗಳ ಹೊಸ ಪಾಠಕ್ಕೆ ಎಡೆಗೊಟ್ಟವು. ಋಷಿಗಳು ಮಂತ್ರವನ್ನು ಕಂಡರು. ಇವರು ತಿದ್ದುಪಡಿಯನ್ನು ಮಂಡಿಸಿ, ಅನುಮೋದಿಸಿ, ತಿದ್ದುಪಡಿಗೆ ತಿದ್ದುಪಡಿಯನ್ನು ಸೂಚಿಸಿ, ಕೊನೆಗೆ ಎಣಿಸಿದರು. ಸ್ಮೃತಿಯ ಸ್ಥಾನದಲ್ಲಿ ನಡವಳಿ ಪುಸ್ತಕವುಂಟು. ಮೂರನೆಯದು ಸದಾಚಾರ, ಎಂದರೆ ‘ನಾವು ಯಾವಾಗಲೂ ಹೀಗೆಯೇ ಮಾಡುತ್ತ ಬಂದಿದ್ದೇವೆ’ ಎಂದು ಹಿಂದಿನ ಸಾಲಿನಿಂದ ಕೇಳಿಬರುವ ವಾಕ್ಯ. ವಿರೋಧ ಬಂದಲ್ಲಿ ಶ್ರುತಿಯೇ ಬಲವತ್ತರ, ಆ ಬಳಿಕ ಸ್ಮೃತಿ, ಸದಾಚಾರ ಕೊನೆಗೆ ಎಂಬುದು ನಮ್ಮ ಕ್ರಮ. ಅಲ್ಲಿ ಕ್ರಮವು ಕಾಗದದ ಮೇಲೆ ಇದೇ, ವ್ಯವಹಾರದಲ್ಲಿ ವಿಪರೀತ.

ಋತ್ವಿಜರ ವಿಚಾರ. ಯಜಮಾನನು ಇಲ್ಲಿ ಇಡೀ ಸಭೆ. ಪಾದ್ರಿಯು ಸಭೆಯ ಮತದಿಂದ ವರಣ ಮಾಡಲ್ಪಟ್ಟ ಹೋತೃ ಮಾತ್ರ. ಹಾಡುಗಾರರ ಮೇಳದ ಮುಖ್ಯಸ್ಥ ಉದ್ಗಾತೃ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಬಾಗಿಲು ತೆರೆದು, ನೀರು ಕಾಸಿ, ಬಟ್ಟಲು ಜೋಡಿಸತಕ್ಕವನು ಅಧ್ವರ್ಯು. ಯಾಗದುದ್ದಕ್ಕೂ ಮೌನವಾಗಿದ್ದು, ದೋಷ ಸಂಭವಿಸಿದಾಗ ಮಾತ್ರ ಬಾಯಿ ತೆರೆದು ಪ್ರಾಯಶ್ಚಿತ್ತ ವಿಧಿಸುವ ಬ್ರಹ್ಮನೆಂಬ ಋತ್ವಿಜನಾದರೋ, ಕಾರ್ಯವಿಧಾನವನ್ನು ಬಲ್ಲ ಸದಸ್ಯ. ಆತನ ಕಲ್ಪಸೂತ್ರವು 1863ರಲ್ಲಿ ನ್ಯೂ ಬೆಡ್‌ಫರ್ಡಿನ ಒಂದು ಚರ್ಚಿನಲ್ಲಿ ಸಿದ್ಧತೆಯಿಲ್ಲದೆ ಅಧ್ಯಕ್ಷತೆ ವಹಿಸಿ, ಸಭೆ ಕೈಮೀರಿದ್ದನ್ನು ಕಂಡು ನಾಚಿದ ಸೇನಾ ಎಂಜಿನಿಯರ್ ಹೆನ್ರಿ ಮಾರ್ಟಿನ್ ರಾಬರ್ಟನು 1876ರಲ್ಲಿ ಪ್ರಕಟಿಸಿದ ಸಭಾನಿಯಮಗಳ ಗ್ರಂಥ. ಹೋತೃವೇ ಕರ್ಮವನ್ನು ಒಲ್ಲೆನೆಂದ ಪ್ರಸಂಗವೂ ಉಂಟು: 1832ರಲ್ಲಿ ಬೋಸ್ಟನ್ನಿನ ಎರಡನೆಯ ಚರ್ಚಿನ ಪಾದ್ರಿಯಾಗಿದ್ದ ರಾಲ್ಫ್ ವಾಲ್ಡೊ ಎಮರ್ಸನ್ನನು ಪ್ರಭುಭೋಜನದ ವಿಧಿಯನ್ನು ನಡೆಸಲು ತನಗೆ ಮನಸ್ಸಿಲ್ಲವೆಂದು ತಿಳಿಸಲು, ಸಭೆಯು ಸಮಿತಿಯೊಂದನ್ನು ನೇಮಿಸಿತು, ಸಮಿತಿಯು ವಿಧಿಯ ಪರವಾಗಿ ವರದಿಯಿತ್ತಿತು, ಎಮರ್ಸನ್ನನು ರಾಜೀನಾಮೆಯಿತ್ತನು. ಸಭೆಗೆ ಒಬ್ಬ ಪಾದ್ರಿ ನಷ್ಟವಾದನು, ಲೋಕಕ್ಕೆ ಒಬ್ಬ ಪ್ರಬಂಧಕಾರ ದೊರೆತನು. ಸಮಿತಿಗಳಿಂದ ಸಾಹಿತ್ಯಕ್ಕೆ ಉಪಕಾರವಿಲ್ಲವೆನ್ನುವವರಿಗೆ ಇಷ್ಟೇ ಉತ್ತರ.

ಕರ್ಮವಿಭಾಗ. ನಿತ್ಯ, ನೈಮಿತ್ತಿಕ, ಕಾಮ್ಯವೆಂದು ಕರ್ಮ ಮೂರು ಬಗೆ. ದೀಪ ಹೊತ್ತಿಸುವುದೂ, ಉಪನ್ಯಾಸದ ಬಳಿಕ ಕಾಫಿ ಕುಡಿಯುವುದೂ ನಿತ್ಯ. ಮಾಡಿದರೆ ಪುಣ್ಯವಿಲ್ಲ, ಬಿಟ್ಟರೆ ಪ್ರತ್ಯವಾಯ. ಸೋಮಪಾನದ ಅರ್ಹತೆ ಯಜಮಾನನಿಗೂ ಋತ್ವಿಜರಿಗೂ ಮಾತ್ರವೆಂದು ನಮ್ಮಲ್ಲಿ ನಿಯಮ; ಕಾಫಿಗಾದರೋ ದಾರಿಹೋಕನೂ ಅಧಿಕಾರಿ, ಏಕೆಂದರೆ ಕುಡಿದವನು ಮುಂದಿನ ವಾರ ಬರುತ್ತಾನೆ, ಎರಡು ಬಾರಿ ಬಂದವನನ್ನು ಸಮಿತಿಗೆ ಹಾಕಬಹುದು. ನೈಮಿತ್ತಿಕಗಳಲ್ಲಿ ಎರಡು ಮುಖ್ಯ. 1980ರಲ್ಲಿ ಆರಂಭವಾದ ಜಲಸಮ್ಮಿಲನದಲ್ಲಿ ಬೇಸಗೆಯಲ್ಲಿ ಹೋದ ಊರುಗಳಿಂದ ತಂದ ನೀರನ್ನು ಒಂದೇ ಪಾತ್ರೆಗೆ ಸುರಿಯುತ್ತಾರೆ. ದೂರದ ಸಮುದ್ರದ ನೀರನ್ನು ತಂದವನ ಹಿಂದೆಯೇ, ಅಡಿಗೆಮನೆಯ ನಲ್ಲಿಯಿಂದ ಈಗತಾನೆ ಹಿಡಿದು ತಂದವನೂ ಗಂಭೀರವಾಗಿ ನಿಂತಿರುತ್ತಾನೆ, ಮತ್ತು ಪಾತ್ರೆಯು ಇಬ್ಬರಲ್ಲಿ ಭೇದವೆಣಿಸುವುದಿಲ್ಲ. ಪುಷ್ಪಸಮ್ಮಿಲನವನ್ನು 1923ರಲ್ಲಿ ಪ್ರಾಗಿನಲ್ಲಿ ಆರಂಭಿಸಿದವನು ನಾರ್ಬರ್ಟ್ ಚಾಪೆಕ್. ಪ್ರತಿಯೊಬ್ಬನೂ ಒಂದು ಹೂವನ್ನು ತಂದಿಟ್ಟು, ಹೋಗುವಾಗ ಇನ್ನೊಬ್ಬನು ತಂದದ್ದನ್ನು ಒಯ್ಯುತ್ತಾನೆ. ಚಾಪೆಕ್ಕನನ್ನು 1942ರಲ್ಲಿ ನಾತ್ಸಿಗಳು ಕೊಂದರು. ಕಾಮ್ಯವೆಂದರೆ ವಾರ್ಷಿಕ ವಂತಿಗೆಯ ಸಂಗ್ರಹ. ಇಲ್ಲಿ ಕಾಮನೆಯು ಸ್ವರ್ಗವಲ್ಲ, ಛಾವಣಿ.

ಈಗ ಗಹನವಾದ ಪ್ರಶ್ನೆ. ಕರ್ಮವು ಇಂದು ನಡೆದು ನಾಶವಾಗುತ್ತದೆ, ಫಲವು ಎಂದೋ ಬರುತ್ತದೆ. ನಡುವೆ ಇವೆರಡನ್ನು ಕೂಡಿಸುವುದೇನು? ‘ಅಪೂರ್ವ’ವೆಂಬ ಅದೃಷ್ಟ ಶಕ್ತಿಯೆಂದು ಮೀಮಾಂಸಕರು. ಹೀಗಿರುವಲ್ಲಿ, ನೆಲಹಾಸಿನ ಬಣ್ಣದ ಮೇಲೆ ಎರಡು ಗಂಟೆ ವಾದಿಸಿ ನಿರ್ಣಯವನ್ನು ಮುಂದೂಡಿದ ಸಭೆಯಿಂದ ಯಾವ ಅಪೂರ್ವ ಹುಟ್ಟೀತು ಎಂದು ಪೂರ್ವಪಕ್ಷಿಯು ಕಡೆಯ ಸಲ ತಲೆಯೆತ್ತುತ್ತಾನೆ.

ಹುಟ್ಟುತ್ತದೆ, ಇಲ್ಲಿ ಎರಡು ಉದಾಹರಣೆಗಳು. ಈ ಸಭೆಗಳಲ್ಲಿ ಪ್ರತಿ ಭಾನುವಾರ ಹೊತ್ತಿಸತಕ್ಕ ಪಾತ್ರೆಯ ಜ್ವಾಲೆಯ ಚಿಹ್ನೆಯು ಧ್ಯಾನದಲ್ಲಿ ಕಂಡದ್ದಲ್ಲ. 1941ರಲ್ಲಿ ಲಿಸ್ಬನ್ನಿನಲ್ಲಿ, ಹಿಟ್ಲರನಿಂದ ತಪ್ಪಿಸಿಕೊಂಡು ಬಂದವರಿಗೆ ನೆರವಾಗುತ್ತಿದ್ದ ಯೂನಿಟೇರಿಯನ್ ಸೇವಾಸಮಿತಿಯ ಕಾಗದಗಳಿಗೆ ಅಧಿಕೃತತೆಯ ಠೀವಿ ಬರಲೆಂದು, ತಾನೂ ಹಾಗೆಯೇ ಓಡಿಬಂದಿದ್ದ ಆಸ್ಟ್ರಿಯದ ಕಲಾವಿದ ಹಾನ್ಸ್ ಡಾಯ್ಚ್‌ನಿಂದ ಬರೆಯಿಸಿದ ಮೊಹರು ಅದು. ಅನ್ಯತ್ರ ಪವಿತ್ರಚಿಹ್ನೆಯು ಕಾಲಾಂತರದಲ್ಲಿ ಕಚೇರಿಯ ಮೊಹರಾಗಿ ಇಳಿಯುವುದು ವಾಡಿಕೆ. ಇಲ್ಲಿ ಕಚೇರಿಯ ಮೊಹರೇ, ಜೀವಗಳನ್ನು ಗಡಿ ದಾಟಿಸಿದ ಪುಣ್ಯದಿಂದ, ಪವಿತ್ರಚಿಹ್ನೆಯಾಗಿ ಏರಿತು. ಎರಡನೆಯದು 1965ರ ಮಾರ್ಚಿನದು. ಕರಿಯರ ಮತದಾನದ ಹಕ್ಕಿಗಾಗಿ ಅಲಬಾಮದ ಸೆಲ್ಮಾಕ್ಕೆ ಬನ್ನಿರೆಂದು ಮಾರ್ಟಿನ್ ಲೂಥರ್ ಕಿಂಗರು ಧರ್ಮೋಪದೇಶಕರನ್ನು ಕರೆದಾಗ ಹೋದವರಲ್ಲಿ ಬೋಸ್ಟನ್ನಿನ ಯೂನಿಟೇರಿಯನ್ ಪಾದ್ರಿ ಜೇಮ್ಸ್ ರೀಬ್ ಒಬ್ಬನು. ಬೀದಿಯಲ್ಲಿ ದೊಣ್ಣೆಯೇಟು ತಿಂದು ಆತನು ಮಾರ್ಚ್ 11ರಂದು ತೀರಿಕೊಂಡನು. ಆಗ ಬೋಸ್ಟನ್ನಿನಲ್ಲಿ ಸಂಘದ ಧರ್ಮದರ್ಶಿಗಳ ಮಂಡಲಿ ಸೇರಿತ್ತು. ಆ ಮಂಡಲಿಯು ಶೋಕನಿರ್ಣಯ ಬರೆದು ಮುಂದಿನ ವಿಷಯಕ್ಕೆ ಹೋಗಲಿಲ್ಲ. ಕಲಾಪವನ್ನು ಅಲ್ಲಿಗೆ ನಿಲ್ಲಿಸಿ, ಸೆಲ್ಮಾದಲ್ಲಿ ಮುಂದುವರಿಸತಕ್ಕದ್ದೆಂದು ಗೊತ್ತುಮಾಡಿ, ಎದ್ದು ಹೊರಟಿತು. ಸಭೆಯನ್ನು ನಿಲ್ಲಿಸುವುದೂ ಸ್ಥಳಾಂತರಿಸುವುದೂ ಕ್ರಮಬದ್ಧ ನಿರ್ಣಯಗಳೇ. ನೆಲಹಾಸಿನ ಮೇಲೆ ಅಭ್ಯಾಸ ಮಾಡಿದ ನಾಲಿಗೆಗೆ ಅವು ಆ ದಿನ ತಡವರಿಸದೆ ಬಂದವು. ವರ್ಷಗಟ್ಟಲೆ ಕ್ಷುಲ್ಲಕಕ್ಕಾಗಿ ಒಟ್ಟಿಗೆ ಕುಳಿತವರಿಗೆ ಮಾತ್ರ ಮಹತ್ತಾದುದಕ್ಕಾಗಿ ಒಟ್ಟಿಗೆ ಏಳುವುದು ಸಾಧ್ಯವೆಂಬುದೇ ಈ ಅಧಿಕರಣದ ನಿರ್ಣಯ.

ಫಲಶ್ರುತಿ. ಇದನ್ನು ಶ್ರದ್ಧೆಯಿಂದ ಓದಿದವನಿಗೆ ಕೋರಂ ಎಂದೂ ಕೊರತೆಯಾಗದು. ಅರ್ಥಸಹಿತ ಓದಿದವನು ಕಾರ್ಯದರ್ಶಿಯಾಗುವನು. ಅರ್ಥವನ್ನು ಬಿಟ್ಟು ಅಂಕಿಗಳನ್ನು ಮಾತ್ರ ಓದಿದವನು ಖಜಾಂಚಿಯಾಗುವನು. ಏನನ್ನೂ ಓದದೆ, ಸಭೆ ಮುಗಿದ ಮೇಲೆ ಉಳಿದು ಕುರ್ಚಿಗಳನ್ನು ಮಡಿಸಿ ಗೋಡೆಗೆ ಒರಗಿಸಿದವನಾದರೋ, ಓದಿದವರೆಲ್ಲರಿಗಿಂತ ಮೊದಲು ಸಕಲ ಫಲವನ್ನೂ ಪಡೆಯುವನು. ಅವನು ಎಷ್ಟು ಬೇಡವೆಂದರೂ ಕೇಳದೆ, ಮುಂದಿನ ವರ್ಷಕ್ಕೆ ಅವನನ್ನೇ ಅಧ್ಯಕ್ಷನನ್ನಾಗಿ ಆರಿಸುವರು.