ಶಶಸ್ವಾತಂತ್ರ್ಯ ಪ್ರಕರಣ

ನಮ್ಮ ತಾರ್ಕಿಕರು, ಲೋಕದಲ್ಲಿ ಇಲ್ಲವೇ ಇಲ್ಲದ ವಸ್ತುವಿಗೆ ದೃಷ್ಟಾಂತ ಬೇಕಾದಾಗಲೆಲ್ಲ, ವಂಧ್ಯಾಪುತ್ರನನ್ನೂ ಆಕಾಶಪುಷ್ಪವನ್ನೂ ಕರೆತಂದು ಅವುಗಳ ಪಕ್ಕದಲ್ಲಿ ಮೊಲದ ಕೊಂಬನ್ನು ನಿಲ್ಲಿಸಿದರಷ್ಟೆ. ಇಲ್ಲದ ಕೊಂಬನ್ನು ಕುರಿತು ಅಷ್ಟೊಂದು ತಲೆ ಕೆಡಿಸಿಕೊಂಡ ಆ ಮಹನೀಯರು, ಇರುವ ಹಲ್ಲನ್ನು ಕುರಿತು ಚಿಂತಿಸಿದಂತೆ ನಾನು ಕಾಣೆನು. ಆದುದರಿಂದ, ಅವರಲ್ಲಿ ಒಬ್ಬರೂ ತಮ್ಮ ತಾಳೆಗರಿಗಳಿದ್ದ ಕೋಣೆಯೊಳಕ್ಕೆ ಮೊಲವನ್ನು ಬಿಟ್ಟುಕೊಂಡಿರಲಾರರೆಂದೇ ನನ್ನ ಅನುಮಾನಪ್ರಮಾಣ. ಮೊಲದ ಬಾಚಿಹಲ್ಲು ಆಜೀವ ಬೆಳೆಯುವಂಥದು. ವಾರಕ್ಕೆ ಸುಮಾರು 2 ಮಿಲಿಮೀಟರಿನಂತೆ ಅದು ಮುಂದುವರಿಯುತ್ತಲೇ ಇರುವುದರಿಂದ, ಅದನ್ನು ಯಾವುದರ ಮೇಲಾದರೂ ಸವೆಸದೆ ಆ ಪ್ರಾಣಿಗೆ ಗತ್ಯಂತರವಿಲ್ಲ. ಅದು ಸಾಲದೆಂಬಂತೆ, ಮೇಲಿನ ಬಾಚಿಹಲ್ಲುಗಳ ಹಿಂದೆ ಇನ್ನೊಂದು ಜೊತೆ ಪುಟ್ಟ ಹಲ್ಲುಗಳನ್ನು ಪ್ರಕೃತಿಯು ಅಡಗಿಸಿಟ್ಟಿದೆ.

ಈ ವಿದ್ಯೆಯೆಲ್ಲ ನನಗೆ ಪ್ರಾಪ್ತವಾದುದು ನಿವೃತ್ತಿಯ ನಂತರ, ನನ್ನ ಮೊಮ್ಮಗಳು ತನ್ನ ಮೊಲವನ್ನು ಪಂಜರದಿಂದ ಬಿಡುಗಡೆ ಮಾಡಿ, ಮೈಸೂರಿನ ನಮ್ಮ ಹಳೆಯ ಮನೆಯಲ್ಲಿ ನಾನು ಓದಿ ಬರೆಯುವ ಕೋಣೆಯನ್ನು ಅದಕ್ಕೆ ಬಿಟ್ಟುಕೊಡಬೇಕೆಂದು ವಾದ ಹೂಡಿದಾಗ. “ತಾತ, ನೀವಾದ್ರೆ ದಿನವೆಲ್ಲಾ ಒಂದು ಪಂಜರದಲ್ಲಿ ಕೂತಿರ್ತೀರಾ?” ಎಂದು ಅವಳು ಕೇಳಿದಳು. ಸರ್ಕಾರದ ಕಚೇರಿಯೊಂದರಲ್ಲಿ ಕೂತೇ ವೃದ್ಧನಾದ ನಾನು ಈ ಪ್ರಶ್ನೆಗೆ ‘ಇಲ್ಲ’ ಎಂದಿದ್ದರೆ ಸತ್ಯಕ್ಕೆ ಅಪಚಾರವಾಗುತ್ತಿತ್ತು. ‘ಹೌದು’ ಎಂದಿದ್ದರೆ ಮಗುವಿನ ಮುಂದೆ ಮಾನ ಹೋಗುತ್ತಿತ್ತು. ಮೌನವಾದೆ, ಮೌನವನ್ನು ಸಮ್ಮತಿಯೆಂದು ದಾಖಲಿಸಿಕೊಳ್ಳಲಾಯಿತು.

ಒಂದು ಪ್ರಾಣಿಗೆ ಸ್ವಾತಂತ್ರ್ಯವನ್ನು ದಯಪಾಲಿಸುವುದೆಂದರೆ ಒಂದು ಅಗುಳಿಯನ್ನು ಸರಿಸುವಷ್ಟೇ ಕೆಲಸವೆಂದು ತಿಳಿಯುವವರು ತಿಳಿಯಲಿ. ಅದರ ನಿಜವಾದ ಸ್ವರೂಪವೆಂದರೆ, ಆ ಕೋಣೆಯಲ್ಲಿರುವ ಇತರ ಸಮಸ್ತ ವಸ್ತುಗಳನ್ನೂ ಒಂದೊಂದಾಗಿ ಸೆರೆಗೆ ಹಾಕುವುದು. ಯಾರು ಯಾರನ್ನು ಬಂಧಿಸಬೇಕೆಂಬುದನ್ನು ನಿಶ್ಚಯಿಸಲು ಮೊಲದ ಕಣ್ಣಿನ ಎತ್ತರದಿಂದಲೇ ಕೋಣೆಯನ್ನು ವೀಕ್ಷಿಸಬೇಕೆಂದು ಪಶುವೈದ್ಯರು ಹೇಳಿದ್ದರಿಂದ, ನಾನು ನೆಲದ ಮೇಲೆ ಬೋರಲು ಮಲಗಿದೆ. “ಅಯ್ಯೋ, ಬಿದ್ದ್ರೇನ್ರೀ?” ಎಂದು ನನ್ನಾಕೆ ಅಡುಗೆಮನೆಯಿಂದ ಓಡಿಬಂದಳು. ಬಿದ್ದಿಲ್ಲವೆಂದೂ ಸಂಶೋಧನೆ ಮಾಡುತ್ತಿರುವೆನೆಂದೂ ತಿಳಿಸಿದ ಮೇಲೆ ಅವಳ ಗಾಬರಿಯು ಇನ್ನಷ್ಟು ಹೆಚ್ಚಿತು.

ಆ ಎತ್ತರದಿಂದ ನೋಡಿದವನಿಗೆ ಮೊದಲು ಗೋಚರಿಸುವುದು ವೈರು. ದೀಪದ್ದು, ಫ್ಯಾನಿನದು, ಮೊಬೈಲಿನದು ಎಂದು ಗೋಡೆಯ ಬುಡದಲ್ಲಿ ಹರಿದಾಡುವ ಇವನ್ನು ಮೊಲವು ದ್ವೇಷದಿಂದ ಕಡಿಯುವುದಿಲ್ಲ. ಬಿಲದಲ್ಲಿ ಬಾಳುವ ಕುಲಕ್ಕೆ ಹಾದಿಗೆ ಅಡ್ಡಬಂದ ಬೇರನ್ನು ಕತ್ತರಿಸುವುದು ಸ್ವಧರ್ಮ, ಮತ್ತು ವೈರಿಗೂ ಬೇರಿಗೂ ಭೇದವೆಣಿಸದ ಅದ್ವೈತದೃಷ್ಟಿ ಅದಕ್ಕೆ ಜನ್ಮತಃ ಸಿದ್ಧಿಸಿದೆ. ಈ ಅದ್ವೈತದ ಫಲ ನೇರವಾಗಿ ಮೋಕ್ಷವೇ ಆದುದರಿಂದ, ಎಲೆಕ್ಟ್ರಿಷಿಯನ್ನನ್ನು ಕರೆಸಿ ವೈರುಗಳನ್ನೆಲ್ಲ ಗಟ್ಟಿ ಪೈಪಿನೊಳಗೆ ಹಾಕಿಸಿದೆವು. “ಇಲಿ ಕಾಟಾನಾ ಸಾರ್?” ಎಂದು ಅವನು ಕೇಳಿದ. ಮೊಲವೆಂದೆ. “ಇಲಿಗಾದ್ರೆ ಬೋನಿಟ್ರೆ ಆಯ್ತು. ನೀವು ಮನೆಯನ್ನೇ ಬೋನಿಗೆ ಹಾಕ್ತಾ ಇದ್ದೀರಲ್ಲ!” ಎಂದು ನಿಟ್ಟುಸಿರಿಟ್ಟು, ಕೂಲಿಯನ್ನು ಎಣಿಸಿಕೊಂಡು ಹೋದ.

ಎರಡನೆಯ ಕೈದಿಗಳು ಪುಸ್ತಕಗಳು. ಭಾರದ ನಿಮಿತ್ತವಾಗಿ ಕೆಳಗಿನ ಹಲಗೆಯಲ್ಲಿ ವಿರಾಜಮಾನವಾಗಿದ್ದ ಕಿಟ್ಟೆಲರ ನಿಘಂಟು, 1894ರಲ್ಲಿ ಮಂಗಳೂರಿನಲ್ಲಿ ಪ್ರಕಟವಾದಂದಿನಿಂದ ಎಷ್ಟೋ ವಿದ್ವಾಂಸರ ಪ್ರಹಾರವನ್ನು ಸಹಿಸಿದ ಗ್ರಂಥವಾದರೂ, ಈ ಹೊಸ ವಿಮರ್ಶಕನಿಗೆ ಅದನ್ನು ಒಪ್ಪಿಸುವ ಧೈರ್ಯ ನನಗಾಗಲಿಲ್ಲ. ನನ್ನ ಪ್ರತಿಯು ಈಗ ಅತ್ಯುನ್ನತ ಹಲಗೆಯನ್ನೇರಿದೆ. ಒಂದು ಶಬ್ದದ ಅರ್ಥದಲ್ಲಿ ಸಂದೇಹ ಬಂದರೆ ಸ್ಟೂಲು ಹತ್ತಬೇಕಾದುದರಿಂದ, ನನಗೆ ಸಂದೇಹಗಳು ಬರುವುದೇ ಕಡಮೆಯಾಗಿದೆ.

ಇನ್ನು ನೆಲ. ನಮ್ಮದು ಹಳೆಯ ಕಾಲದ ಕೆಂಪು ಗಾರೆಯ ನೆಲ. ಒರಸಿ ಒರಸಿ ಅದಕ್ಕೆ ಬಂದ ಹೊಳಪು ನನ್ನಾಕೆಯ ಅಭಿಮಾನದ ವಿಷಯ. ಆದರೆ ಮೊಲದ ಅಂಗಾಲಿನಲ್ಲಿ ನಾಯಿಬೆಕ್ಕುಗಳಿಗಿರುವ ಮೆತ್ತೆಯಿಲ್ಲ, ಬರಿಯ ರೋಮವಿದೆ. ನುಣುಪಾದ ನೆಲದ ಮೇಲೆ ಅದಕ್ಕೆ ಹಿಡಿತ ಸಿಗದು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂದು ಸಾಧಿಸುವವರು ನಮ್ಮ ಮನೆಗೆ ಬಂದಿದ್ದರೆ, ನಾಲ್ಕು ಕಾಲುಗಳೂ ನಾಲ್ಕು ದಿಕ್ಕುಗಳಿಗೆ ಪ್ರಯಾಣ ಬೆಳೆಸಿದ ಆ ಮೊಲವನ್ನು ಕಂಡು ತಮ್ಮ ಲೆಕ್ಕವನ್ನು ತಿದ್ದಿಕೊಳ್ಳುತ್ತಿದ್ದರು. ಕೊನೆಗೆ, ಮದುವೆಮುಂಜಿಗಳಿಗಲ್ಲದೆ ಹೊರಗೆ ಬಾರದಿದ್ದ ನವಲಗುಂದದ ಜಮಖಾನೆಯು ಪೆಟ್ಟಿಗೆಯಿಂದಿಳಿದು ನೆಲವನ್ನು ಮುಚ್ಚಿತು. ಮೊಲವು ಅದರ ಮೇಲೆ ಸ್ಥಿರವಾಗಿ ನಿಂತು, ತತ್‌ಕ್ಷಣವೇ ಒಂದು ಮೂಲೆಯನ್ನು ಮುಂಗಾಲುಗಳಿಂದ ಕೆರೆಯತೊಡಗಿತು. ನಮ್ಮ ಹೊಲಗಳ ಕಾಡುಮೊಲವು ಹುಲ್ಲಿನ ಮರೆಯಲ್ಲಿ ಮಲಗುವುದೇ ಹೊರತು ಬಿಲ ತೋಡುವುದಿಲ್ಲ. ಈ ಸಾಕುಮೊಲದ ಪೂರ್ವಜರಾದರೋ ಸ್ಪೇನ್-ಪೋರ್ಚುಗಲ್‌ಗಳ ನೆಲವನ್ನು ತೋಡಿ ಬಾಳಿದವರು. ಸಿಂಹವನ್ನು ಬಾವಿಗೆ ಕೆಡಹಿದ ಪಂಚತಂತ್ರದ ಮೊಲದ ಹೆಸರೆತ್ತಿ ಇದಕ್ಕೆ ಬುದ್ಧಿ ಹೇಳುವಂತಿಲ್ಲ, ಗೋತ್ರವೇ ಬೇರೆ. ಹಳೆಯ ಕಾಗದದ ಚೂರುಗಳನ್ನು ತುಂಬಿದ ಒಂದು ರಟ್ಟಿನ ಪೆಟ್ಟಿಗೆಯನ್ನಿಟ್ಟು, ತೋಡುವ ಕಾರ್ಯವನ್ನು ಅತ್ತ ತಿರುಗಿಸಿದೆವು. ಆ ಕಾಗದಗಳು ನನ್ನ ಅಪ್ರಕಟಿತ ಪ್ರಬಂಧಗಳು.

ಪೂಜೆಯ ವ್ಯವಸ್ಥೆಗೂ ಈ ಸ್ವಾತಂತ್ರ್ಯವು ತಟ್ಟಿತು. ಕಣಗಿಲೆಯ ಗಿಡದಲ್ಲಿ ಹೂವು, ಎಲೆ, ಕಡ್ಡಿ ಎಲ್ಲವೂ ವಿಷ. ತಿಂದುದನ್ನು ವಾಂತಿ ಮಾಡಿ ಪಾರಾಗುವ ಉಪಾಯವನ್ನು ಮೊಲಕ್ಕೆ ಪ್ರಕೃತಿಯು ಕರುಣಿಸಿಲ್ಲ. ಹೀಗಾಗಿ ಕಣಗಿಲೆಯ ಹೂಬುಟ್ಟಿ ನನ್ನ ಕೋಣೆಯನ್ನು ಹಾಯ್ದು ದೇವರ ಮನೆಗೆ ಹೋಗುವುದು ನಿಷಿದ್ಧವಾಯಿತು. ಗರಿಕೆಗೆ ಮಾತ್ರ ಅಭ್ಯಂತರವಿಲ್ಲ. ಗಣಪತಿಗೆ 21 ಎಸಳು, ಮಿಕ್ಕುದೆಲ್ಲ ಮೊಲಕ್ಕೆ ಎಂಬ ಒಪ್ಪಂದವಾಗಿದೆ. ಮೊಲವು ತನ್ನದೇ ಒಂದು ಬಗೆಯ ಮೃದುವಾದ ಹಿಕ್ಕೆಯನ್ನು ಮರಳಿ ತಿನ್ನುವುದನ್ನು ಕಂಡು ನನ್ನಾಕೆ ಮಡಿಯ ಪ್ರಶ್ನೆಯನ್ನೆತ್ತಿದಾಗ, ಹಸು ಮೆಲುಕು ಹಾಕುವಂತೆಯೇ ಇದೂ ಆಹಾರವನ್ನು ಎರಡನೆಯ ಬಾರಿ ಜೀರ್ಣಿಸಿಕೊಳ್ಳುವ ಕ್ರಮವೆಂದು ಪಶುವೈದ್ಯರು ವಿವರಿಸಿದರು. “ಹಸು ಬೇರೆ ದಾರಿಯಿಂದ ಮಾಡುತ್ತೆ” ಎಂದಷ್ಟೇ ಹೇಳಿ ಅವಳು ಒಳಗೆ ಹೋದಳು.

ಚೈತ್ರ ಬಂದಾಗ ಇನ್ನೊಂದು ಪ್ರಕರಣ. ಉಷ್ಣತೆ 30 ಡಿಗ್ರಿಯನ್ನು ಮೀರಿದರೆ ಮೊಲಕ್ಕೆ ಸಂಕಟ; ಬೆವರಿ ತಂಪಾಗಲಾರದ ಅದು ಮೈಯ ಕಾವನ್ನು ಮುಖ್ಯವಾಗಿ ಆ ನೀಳವಾದ ಕಿವಿಗಳ ಮೂಲಕ ಹೊರಹಾಕಬೇಕು. ಕಿಟಕಿಯ ಹೊರಗೆ ಲಾವಂಚದ ತಟ್ಟಿಯನ್ನು ಕಟ್ಟಿಸಿ, ನಾನು ಅದಕ್ಕೆ ನೀರು ಚಿಮುಕಿಸುತ್ತ ಬಿಸಿಲಿನಲ್ಲಿ ನಿಂತಿರುತ್ತಿದ್ದೆ; ಮೊಲವು ಒಳಗೆ ನೆರಳಿನಲ್ಲಿ ಪವಡಿಸಿರುತ್ತಿತ್ತು. ಮಧ್ಯಾಹ್ನವೆಲ್ಲ ಮಲಗುವ ಈ ಪ್ರಾಣಿ ಉದಯಾಸ್ತಗಳ ಹೊತ್ತಿಗೆ ಎದ್ದು, ಗಾಳಿಯಲ್ಲಿ ಮೈತಿರುಚಿ ನೆಗೆಯುತ್ತದೆ. ಎರಡು ಸಂಧ್ಯೆಗಳನ್ನೂ ತಪ್ಪದೆ ಆಚರಿಸುವವರು ನಮ್ಮ ಮನೆಯಲ್ಲಿ ಅದೊಬ್ಬರೇ.

ಇಷ್ಟೆಲ್ಲ ಸನ್ನಾಹಗಳಾದ ಮೇಲೆ ನಮ್ಮ ಸ್ವತಂತ್ರ ಪ್ರಜೆಯು ದಿನದ ಬಹುಭಾಗವನ್ನು ಕಳೆಯುವುದು ತೆರೆದ ಬಾಗಿಲಿನ ಆ ಹಳೆಯ ಪಂಜರದಲ್ಲಿ. ಬಿಲದ ಪ್ರಾಣಿಗೆ ಅಡಗಲೊಂದು ಮರೆಯಿದ್ದರೇನೇ ನೆಮ್ಮದಿಯೆಂದೂ, ಆದುದರಿಂದ ಪಂಜರವನ್ನು ತೆಗೆಯಬಾರದೆಂದೂ, ಅಗುಳಿಯನ್ನು ಮಾತ್ರ ಹಾಕಬಾರದೆಂದೂ ವೈದ್ಯರ ಅಪ್ಪಣೆ. ನಿವೃತ್ತನಾದ ಮೇಲೂ ಕಚೇರಿಯ ಕಡೆಗೆ ಆಗಾಗ ಹೋಗಿಬರುವ ನನಗೆ ಈ ಸೂಕ್ಷ್ಮವನ್ನು ಯಾರೂ ವಿವರಿಸಬೇಕಾಗಲಿಲ್ಲ.

ಮೊಲಗಳು ಸಂಘಜೀವಿಗಳೆಂದೂ ಒಂಟಿತನ ಅವಕ್ಕೆ ಒಗ್ಗದೆಂದೂ ಮೊಮ್ಮಗಳು ಈಚೆಗೆ ಎಲ್ಲಿಯೋ ಓದಿದ್ದಾಳೆ. ಹೊಸಬರನ್ನು ಹಳಬರ ಕೋಣೆಗೆ ಏಕಾಏಕಿ ಬಿಟ್ಟರೆ ಗಡಿತಂಟೆಯ ಕಾದಾಟವಾಗುವುದಂತೆ; ಮೊದಲು ಬೇರೆ ಕೋಣೆಯಲ್ಲಿಟ್ಟು, ಮೆಲ್ಲಮೆಲ್ಲನೆ ಪರಿಚಯ ಮಾಡಿಸಬೇಕಂತೆ. ಮನೆಯಲ್ಲಿ ಈಗ ಬಂಧನಕ್ಕೊಳಗಾಗದೆ ಉಳಿದಿರುವುದು ನಾನು ಮಲಗುವ ಕೋಣೆಯೊಂದೇ. ಎಲೆಕ್ಟ್ರಿಷಿಯನ್ನನಿಗೆ ಹೇಳಿಕಳುಹಿಸಿದ್ದೇನೆ.